ಜೋಡಿಗೆ ಹೋದವನ ಫ್ರಿಜ್ಜು

ರನ್ನ ಬೆಳಗಲಿಯಲ್ಲಿ ನೀರು ಬಿಡುವ ಕೆಲಸದ ಯಲ್ಲಾಲಿಂಗನಿಗೆ ಇದ್ದದ್ದು ಒಂದೇ ಚಟ. ಎಲೆ-ಅಡಿಕೆಯಲ್ಲ, ಇಸ್ಪೀಟಲ್ಲ. ಯಾರು ಕರೆದರೂ ಜೋಡಿಗೆ ಹೋಗುವುದು.

ನಮ್ಮ ಕಡೆ ಒಬ್ಬರೇ ಕಚೇರಿಗೆ ಹೋಗುವ ರೂಢಿಯಿಲ್ಲ. ಹಲ್ಲು ಕೀಳಿಸಲು ಹೋಗುವವನೂ ಒಬ್ಬನನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾನೆ. ಕೀಳುವ ಹಲ್ಲು ಒಂದು, ತೆರೆದ ಬಾಯಿ ಎರಡು. ಹಾಗೆ ಹೊರಟವರಿಗೆಲ್ಲ ಮೊದಲು ನೆನಪಾಗುವವನು ಯಲ್ಲಾಲಿಂಗ. ಬೆಳಗಿನ ನೀರು ಬಿಟ್ಟಾದ ಮೇಲೆ ಅವನಿಗೆ ಬಿಡುವಿರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ‘ಒಲ್ಲೆ’ ಎನ್ನುವ ಮಾತು ಅವನ ಬಾಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಸಾಲದ ಚಟ ಮಾತ್ರ ಅವನ ಹತ್ತಿರ ಸುಳಿದಿರಲಿಲ್ಲ. ಕುರಿ ಕಾಯ್ದು ಬದುಕಿದ ಅಪ್ಪ ಹೇಳಿ ಸತ್ತಿದ್ದ: “ತೋಳ ಬಂದ್ರ ಒಂದ ಕುರಿ ಹೋಗತೈತಿ, ಸಾಲ ಬಂದ್ರ ಹಟ್ಟೀನ ಹೋಗತೈತಿ.” ಆ ಮಾತನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವನು ಈಗ ಮೊದಲ ಸಲ ಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಹೆಂಡತಿಗಾಗಿ. ಸರಿತಾ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಜೋಳ ಹೊತ್ತು ಗಿರಣಿಗೆ ಹೋಗುವುದು, ಪಾಳಿ ಹಚ್ಚುವುದು, ಕರೆಂಟು ಹೋದರೆ ಬುಟ್ಟಿ ಕಾಯುತ್ತ ಅಲ್ಲೇ ತೂಕಡಿಸುವುದು. ಹೀಗೆ ರೊಟ್ಟಿ ಬಡಿಯುವ ಮೊದಲೇ ಅವಳ ಸೊಂಟ ಬಡಿದುಹೋಗುತ್ತಿತ್ತು. ಮಹಾಲಿಂಗಪುರದ ಗಿರಮಲ್ಲಪ್ಪ ವಯಸ್ಸಾಯಿತೆಂದು ತನ್ನ ಹಿಟ್ಟಿನ ಗಿರಣಿ ಮಾರಲು ಕೂತಿದ್ದ. “ಇವತ್ತ ಸಂಜೀತನಕ ನಿನ್ನ ಹಾದಿ ನೋಡ್ತೇನಿ ತಮ್ಮಾ. ಆಮ್ಯಾಲ ಯಾರ ಬರ್ತಾರ, ಅವರಿಗಿ ಕೊಟ್ಟ ಬಿಡ್ತೇನಿ” ಅಂದಿದ್ದ.

ಆ ಗಡಿಬಿಡಿಯಲ್ಲಿ ಯಲ್ಲಾಲಿಂಗ ಕೆಳಗಿನ ಓಣಿಗೆ ನೀರು ಬಿಟ್ಟು, ಮೇಲಿನ ಓಣಿಯ ವಾಲ್ವ್ ತಿರುಗಿಸುವುದನ್ನು ಮರೆತೇ ಮಹಾಲಿಂಗಪುರದ ಬಸ್ಸು ಹತ್ತಿದ.

ಬ್ಯಾಂಕಿನಲ್ಲಿ ಸಾಲ ನೋಡುವ ಅಮೋಲ ಸಾಹೇಬರು ಕಂಪ್ಯೂಟರನ್ನು ದಿಟ್ಟಿಸಿ, ವೈದ್ಯರ ಹಾಗೆ ತಲೆ ಅಲ್ಲಾಡಿಸಿದರು.

“ನಿಮ್ಮ ಸಿಬಿಲ್ ಕೆಟ್ಟೈತ್ರಿ.”

“ಅದ ಎಲ್ಲಿರತೈತ್ರಿ ಸಾಹೇಬ್ರ? ನಂದು ಬರೇ ಮಂಡಿ ಕೆಟ್ಟೈತಿ.”

“ಸಾಲ ತಗೊಂಡವ್ರು ತೀರಿಸ್ಯಾರೋ ಇಲ್ಲೋ ಅಂತ ಬರದಿಟ್ಟ ಜಾತಕರಿ ಅದು. ನೀವು ಮುಧೋಳದಾಗ ಫೈನಾನ್ಸಿನ ಮ್ಯಾಲ ಫ್ರಿಜ್ ತಗೊಂಡೀರಿ. ಒಂದ ಕಂತೂ ತುಂಬಿಲ್ಲ.”

“ಫ್ರಿಜ್? ಸಾಹೇಬ್ರ, ನಮ್ಮನ್ಯಾಗ ತಣ್ಣಂದು ಅಂದ್ರ ಗಡಗ್ಯಾಗಿನ ನೀರು. ಬೀರಪ್ಪನ ಆಣಿ.”

“ಬೀರಪ್ಪನ ಆಣಿ ಇದ್ರಾಗ ಹಾಕಾಕ ಜಾಗಾ ಇಲ್ರಿ. ಫೈನಾನ್ಸಿನವರು ತಪ್ಪ ಬರದಿದ್ರ ಅವರ ಕಡಿಂದನ ಪತ್ರಾ ತರ್ರಿ. ರಿಪೋರ್ಟ್ ತಿದ್ದಾಕ ತಿಂಗಳ ಹಿಡಿತೈತಿ ಖರೆ, ಪತ್ರಾ ಇದ್ರ ನಾ ಇವತ್ತ ನೋಡ್ತೇನಿ.”

ಪಾಸ್‌ಬುಕ್ ಎಂಟ್ರಿಗೆ ಬಂದಿದ್ದ ಮೇಲಿನ ಓಣಿಯ ರಾಚಪ್ಪ ಇದನ್ನೆಲ್ಲ ಕಂಬದ ಮರೆಯಲ್ಲಿ ಕೇಳಿಸಿಕೊಂಡ. ರಾಚಪ್ಪನ ಕಿವಿ ಜರಡಿಯಂಥದ್ದು. ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತಿತ್ತು. ಅವನು ಹೊರಗೆ ಬಂದವನೇ ಊರಿಗೆ ಫೋನು ಹಚ್ಚಿದ.

ಮುಧೋಳದ ಹಾದಿಯಲ್ಲೇ ಊರು. ಹೆಂಡತಿಗೊಂದು ಮಾತು ಹೇಳಿ ಹೋಗೋಣವೆಂದು ಯಲ್ಲಾಲಿಂಗ ಇಳಿದ. ಹೇಳುವುದು ಏನೂ ಉಳಿದಿರಲಿಲ್ಲ. ಸರಿತಾ ಹಿಟ್ಟು ಹತ್ತಿದ ಎರಡೂ ಕೈ ಸೊಂಟದ ಮೇಲಿಟ್ಟು ಬಾಗಿಲಲ್ಲೇ ನಿಂತಿದ್ದಳು.

“ಯಾಕಿಗ್ರಿ ಕೊಡ್ಸೀರಿ?”

“ಏನ?”

“ಫ್ರಿಜ್ಜು. ನನಗ ಮಣ್ಣಿನ ಗಡಗಿ, ಯಾಕಿಗಿ ಫ್ರಿಜ್ಜು? ಓಣಿ ಮಂದಿ ಎಲ್ಲಾ ಕೇಳಾಕತ್ತಾರ. ಒಬ್ರು ಬಿಳಿ ಬಣ್ಣದ್ದು ಅಂತಾರ, ಒಬ್ರು ಎರಡ ಬಾಗಲದ್ದು ಅಂತಾರ.”

“ಏ ಸರಿತಾ, ನನ್ನ ಪಗಾರದಾಗ ಎರಡ ಬಾಗಲದ ಮನೀನ ಕಟ್ಟಸಾಕಾಗಿಲ್ಲ...”

ಮಾತು ಏರುತ್ತಿದ್ದುದನ್ನು ಕೇಳಿ ಪಕ್ಕದ ಮನೆಯ ಪದ್ಮವ್ವ ಎರಡು ಗ್ಲಾಸು ಹಿಡಿದುಕೊಂಡು ಬಂದಳು. ಎಮ್ಮೆ ಕಟ್ಟಿ ಹಾಲು ಮಾರುವ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಎಮ್ಮೆಗಳನ್ನೂ ಓಣಿಯನ್ನೂ ಒಂದೇ ದನಿಯಲ್ಲಿ ಆಳುತ್ತಿದ್ದಳು.

“ಜಗಳ ಎಲ್ಲಿಗೂ ಓಡಿ ಹೋಗೂದಿಲ್ಲ, ಮೊದಲ ಮಜ್ಜಗಿ ಕುಡೀರಿ. ಹೆಂಗ ತಣ್ಣಗೈತಿ ನೋಡ್ರಿ, ಫ್ರಿಜ್ಜಿನ್ಯಾಗಿಂದು!”

ಇಬ್ಬರೂ ಗ್ಲಾಸನ್ನು ನೋಡಿದರು. ಗ್ಲಾಸಿನ ಮೈಮೇಲೆ ಬೆವರೊಡೆದಿತ್ತು. ಯಲ್ಲಾಲಿಂಗನ ಹಣೆಯ ಮೇಲೂ.

ಆಗ ಅವನಿಗೆ ಎಲ್ಲ ನೆನಪಾಯಿತು. ಹಿಂದಿನ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ ಪದ್ಮವ್ವ ಫ್ರಿಜ್ ತರಲು ಮುಧೋಳಕ್ಕೆ ಹೋದಾಗ ಜೋಡಿಗೆ ಹೋದವನು ತಾನೇ. ಅಲ್ಲಿನ ಫೈನಾನ್ಸ್ ಕಚೇರಿಯಲ್ಲಿ ಕೂತಿದ್ದವನು, “ಜೋಡಿ ಬಂದೀರಲ್ಲ, ನಿಮ್ಮ ಆಧಾರ್ ಝೆರಾಕ್ಸೂ ಒಂದ ಇರ್ಲಿ” ಅಂದಿದ್ದ. ಕೇಳಿದ್ದನ್ನು ಕೊಡದೆ ಇದ್ದರೆ ಅವನು ಯಲ್ಲಾಲಿಂಗನೇ ಅಲ್ಲ. ಎರಡೂ ಝೆರಾಕ್ಸು ಒಂದೇ ಪಿನ್ನಿಗೆ ಸಿಕ್ಕಿಕೊಂಡವು. ಮೇಲಿದ್ದದ್ದು ಇವನದು. ಬ್ಯಾಂಕಿನಲ್ಲಿ ಕೇಳಿದ್ದನ್ನು ಅವನು ಪದ್ಮವ್ವನಿಗೂ ಹೇಳಿದ.

“ಕಂತ ತುಂಬಿಲ್ಲಂತ ಯಾವಾಂವ ಅಂದಾಂವ?” ಪದ್ಮವ್ವನ ದನಿಗೆ ಹಿತ್ತಲ ಎಮ್ಮೆ ತಲೆಯೆತ್ತಿತು. “ಎಮ್ಮಿ ಒದ್ದ ದಿವಸನೂ ತುಂಬೇನಿ ನಾ! ನಡೀ ಯಲ್ಲಾಲಿಂಗಾ, ನಾ ಬರ್ತೇನಿ ಜೋಡಿಗಿ.”

ಮುಧೋಳದ ಆ ಕಚೇರಿಯಲ್ಲಿ ಶೀತಲ್ ಎಂಬ ಹುಡುಗಿ ಒಬ್ಬಳೇ ಇದ್ದಳು. ಮೊದಲು ಸರ್ವರ್ ಇಲ್ಲ ಅಂದಳು. ಸರ್ವರ್ ಬಂದಾಗ ಅವಳಿಗೆ ಊಟದ ಹೊತ್ತಾಗಿತ್ತು. ಊಟ ಮುಗಿಸಿ ಬಂದಾಗ ಸರ್ವರ್ ಮತ್ತೆ ಹೋಗಿತ್ತು. ಬೆಂಚಿನ ಮೇಲೆ ಯಲ್ಲಾಲಿಂಗ ಮಳೆಗೆ ನೆನೆದ ಕಂಬಳಿಯ ಹಾಗೆ ಭಾರವಾಗಿ ಕೂತ. ಫೋನು ಬಡಿಯಿತು.

“ಏ ಯಲ್ಲಾಲಿಂಗಾ, ಮ್ಯಾಲಿನ ಓಣ್ಯಾಗ ನೀರ ಇಲ್ಲೋ! ಫ್ರಿಜ್ಜಿನ್ಯಾಗ ಇಟ್ಟೀಯೇನು?” ರಾಚಪ್ಪ.

“ಬಂದ ಬಿಡ್ತೇನಿ ಕಾಕಾ.”

“ಇನ್ನೂ ಯಾರ್ಯಾರಿಗಿ ಏನೇನ ಕೊಡ್ಸೀ ಹೇಳ್ಬಿಡು. ಒಮ್ಮೆ ಕೇಳಿ ಮುಗಿಸ್ತೇವಿ.”

ಕೊನೆಗೂ ಶೀತಲ್ ಕಂಪ್ಯೂಟರಿನಲ್ಲಿ ಹುಡುಕಿದಳು. ಹುಡುಕುತ್ತ ಹುಡುಕುತ್ತ ಅವಳ ಹುಬ್ಬು ಕೂಡಿಕೊಂಡವು.

“ಹಿಂಗಾಗೇತ್ರಿ. ಯಲ್ಲಾಲಿಂಗ ಅವರ ಹೆಸರಿಲೆ ಸಾಲ ಐತಿ, ತುಂಬಿದ ರೊಕ್ಕ ಇಲ್ಲ. ಪದ್ಮವ್ವ ಅವರ ಹೆಸರಿಲೆ ತುಂಬಿದ ರೊಕ್ಕ ಐತಿ, ಸಾಲ ಇಲ್ಲ.”

“ಹಂಗಾರ ನನ್ನ ರೊಕ್ಕ ತಿರಗಿ ಕೊಡು” ಅಂದಳು ಪದ್ಮವ್ವ.

“ಹಂಗಲ್ಲ ಅತ್ತಿ” ಎಂದು ಯಲ್ಲಾಲಿಂಗ ಅವಳ ಸೆರಗು ಜಗ್ಗಿದ. “ಅಲ್ಲವಾ ತಂಗಿ, ನಾ ತುಂಬಿಲ್ಲಂದ್ರ ವಸೂಲಿಗಿ ನಮ್ಮನಿಗ್ಯಾಕ ಬರ್ಲಿಲ್ಲ?”

“ವಸೂಲಿಯಾಂವ ಫ್ರಿಜ್ ಇದ್ದ ಮನಿಗಿ ಹೋಗ್ತಾನ್ರಿ. ನಿಮ್ಮನ್ಯಾಗ ಏನ ಐತಂತ ಬರ್ತಾನು?”

ತಪ್ಪು ತಮ್ಮದೇ ಎಂದು ಅವಳು ಒಪ್ಪಿದಳು. ಆದರೆ ಪತ್ರಕ್ಕೆ ಅರ್ಜಿ ಕೊಡಬೇಕು, ಅರ್ಜಿ ಮೇಲಿನವರಿಗೆ ಹೋಗಬೇಕು, ಮೇಲಿನವರು ಅವರ ಮೇಲಿನವರಿಗೆ. “ಮುಂದಿನ ವಾರ ಬರ್ರಿ.”

ಯಲ್ಲಾಲಿಂಗ ಎದ್ದ. ಪದ್ಮವ್ವ ಏಳಲಿಲ್ಲ. ಬಾಗಿಲಿನ ನಡುವೆ ಸೆರಗು ಹಾಸಿ ಕೂತು, ಬುತ್ತಿ ಬಿಚ್ಚಿ, ಒಳಗೆ ಬಂದವರಿಗೆಲ್ಲ ರೊಟ್ಟಿ ಚೂರು ಕೊಟ್ಟು ಕತೆ ಶುರು ಮಾಡಿದಳು. “ಕೂಡ್ರೋ ಯಪ್ಪಾ. ನೀ ಜೋಡಿಗಿ ಯಾರನ್ನ ಕರಕೊಂಡ ಬಂದಿ? ಪಾಪ, ಅವಂದೂ ಮುಗೀತು ಬಿಡು. ನಮ್ಮ ಯಲ್ಲಾಲಿಂಗಂದ ಏನಾತು ಕೇಳು...” ಟಿವಿ ಕೊಳ್ಳಲು ಬಂದಿದ್ದ ಗಂಡಹೆಂಡತಿ ರೊಟ್ಟಿ ತಿಂದು, ಕತೆ ಕೇಳಿ, ಮೆಲ್ಲಗೆ ಚಪ್ಪಲಿ ಹುಡುಕಿಕೊಂಡರು. ಅವರ ಹಿಂದೆ ಬೈಕಿನ ಸಾಲಕ್ಕೆ ಬಂದವನೂ ಹೋದ. ಶೀತಲ್ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದಳು. ಮೇಲಿನವರು, ಅವರ ಮೇಲಿನವರು ಎಲ್ಲ ಆ ಫೋನಿನಲ್ಲೇ ಇದ್ದರೆಂದು ಕಾಣುತ್ತದೆ. ಪತ್ರಕ್ಕೆ ಠಸ್ಸೆ ಬಿದ್ದೇಬಿಟ್ಟಿತು.

ಬಸ್ಸಿನಲ್ಲಿ ನಿಂತುಕೊಂಡೇ ಮಹಾಲಿಂಗಪುರ ಮುಟ್ಟಿದಾಗ ಬ್ಯಾಂಕಿನ ಬಾಗಿಲು ಅರ್ಧ ಎಳೆದಿದ್ದರು. ಯಲ್ಲಾಲಿಂಗ ಬಗ್ಗಿ ಒಳಗೆ ನುಸುಳಿದ, ಹಿಂದೆಯೇ ಪದ್ಮವ್ವ. ಅಮೋಲ ಸಾಹೇಬರು ಪತ್ರ ಓದಿದರು.

“ಛಲೋ ಆತು ನೋಡ್ರಿ. ಆ ಸಾಲ ನಿಮ್ದಲ್ಲ.”

ಯಲ್ಲಾಲಿಂಗ ಮೇಜಿನ ಹತ್ತಿರ ಸರಿದ. “ಹಂಗಾರ ಗಿರಣೀದು...”

“ಅದ ಬರೂದಿಲ್ರಿ.”

“ಯಾಕ್ರಿ ಸಾಹೇಬ್ರ?”

“ಮುಂಜಾನೆ ನಿಮ್ಮ ಸಿಬಿಲ್ ಕೆಟ್ಟಿತ್ತು. ಈಗ ಇಲ್ಲವೇ ಇಲ್ಲ. ಈ ಸಾಲ ತಗದ್ರ ನಿಮ್ಮ ಜಾತಕದಾಗ ಒಂದ ಅಕ್ಷರ ಉಳ್ಯಂಗಿಲ್ಲ. ಒಮ್ಮೆನೂ ಸಾಲ ಮಾಡದ ಮನಷ್ಯಾನ ಹೆಂಗ ನಂಬೂದ್ರಿ?”

“ಸಾಲ ಮಾಡಿಲ್ಲಂತನ ನಂಬ್ರಲ್ಲ!”

“ನಾ ನಂಬ್ತೇನಿ, ಕಂಪ್ಯೂಟರ್ ನಂಬೂದಿಲ್ಲ. ಮೊದಲ ಒಂದ ಸಣ್ಣ ಸಾಲ ಮಾಡ್ರಿ, ಕಂತ ತುಂಬ್ರಿ, ಆಮ್ಯಾಲ ಬರ್ರಿ.” ಸಾಹೇಬರು ಸ್ವಲ್ಪ ಯೋಚಿಸಿದರು. “ಒಂದ ಫ್ರಿಜ್ಜರೆ ತಗೋರಿ.”

ಯಲ್ಲಾಲಿಂಗ ಕೂರಲು ಕುರ್ಚಿ ಹುಡುಕಿದ. ಇದ್ದ ಒಂದರಲ್ಲಿ ಪದ್ಮವ್ವ ಕೂತಿದ್ದಳು. ಸಾಹೇಬರು ಪತ್ರದ ಕೆಳಗಿನ ಸಾಲುಗಳನ್ನು ಓದಿ ಅವಳ ಕಡೆ ತಿರುಗಿದರು. ಮುಖದ ಮೇಲೆ ಅಳಿಯ ಬಂದ ದಿನದ ನಗೆ ಮೂಡಿತು.

“ಅವ್ವಾರ, ಈ ಸಾಲ ನಿಮ್ದಾತು. ಒಂದ ಕಂತೂ ತಪ್ಪಿಲ್ಲ, ಪೂರಾ ತೀರೇತಿ. ನಿಮ್ಮಂಥವರ್ನ ಹುಡುಕ್ತೇವ್ರಿ ನಾವು. ನಿಮಗೇನರ ಸಾಲ ಬೇಕೇನ್ರಿ?”

ಪದ್ಮವ್ವ ಗಲ್ಲದ ಮೇಲೆ ಬೆರಳಿಟ್ಟು ಮೇಲಿನ ಫ್ಯಾನನ್ನು ನೋಡಿದಳು.

“ಯಲ್ಲಾಲಿಂಗಾ, ಗಿರಣಿ ಅಂದ್ರ ಎಷ್ಟ ದೊಡ್ಡದಿರತೈತೋ? ನಮ್ಮ ಎಮ್ಮಿ ಕೊಟ್ಟಗಿ ಮೂಲ್ಯಾಗ ಹಿಡಿತೈತೇನು?”

ಗಿರಮಲ್ಲಪ್ಪನ ಮನೆ ಅವಳಿಗೆ ಗೊತ್ತಿರಲಿಲ್ಲ. ತೋರಿಸಲು ಜೋಡಿಗೆ ಹೋದವನು ಯಲ್ಲಾಲಿಂಗನೇ. ಸೆರಗಿನ ಗಂಟು ಬಿಚ್ಚಿ ಅವಳು ಸಂಚಕಾರದ ಮುಂಗಡ ಕೊಡುವಾಗ ಸಾಕ್ಷಿಗೆ ನಿಂತವನೂ ಅವನೇ.

ಊರಿಗೆ ಬಂದು, ಕೊಡಗಳ ಸಾಲಿನ ಮುಂದೆ ಬೈಗುಳ ತಿಂದು, ಮೇಲಿನ ಓಣಿಗೆ ನೀರು ಬಿಟ್ಟು ಮನೆ ಸೇರುವಷ್ಟರಲ್ಲಿ ಯಲ್ಲಾಲಿಂಗನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಆದದ್ದನ್ನೆಲ್ಲ ಹೇಳಿದ. ಸರಿತಾ ನಾಳೆಯ ಜೋಳ ಹಸನು ಮಾಡುತ್ತ ಕೂತಳು. ಆಗ ಗೋಡೆಯ ಮೇಲೆ ಪದ್ಮವ್ವನ ತಲೆ ಮೂಡಿತು.

“ಸರಿತಾ, ಚಿಂತಿ ಬಿಡವಾ. ಇನ್ನ ಬುಟ್ಟಿ ಹೊತ್ತು ಅಷ್ಟ ದೂರ ಹೋಗೂದ ತಪ್ಪಿತು. ಬಾಜೂ ಮನೀನ ಗಿರಣಿ! ಮನಿ ಮಂದಿ ನೀವು, ಬೀಸೂ ರೊಕ್ಕದಾಗ ಒಂದೀಟ ಕಮ್ಮೀನ ತಗೋತೇನಿ.”

“ಹೂಂ ಅತ್ತಿ” ಅಂದಳು ಸರಿತಾ, ಮೊರದಿಂದ ಕಣ್ಣೆತ್ತದೆ.

“ಮತ್ತ ಯಲ್ಲಾಲಿಂಗಾ, ನಾಳಿ ಬ್ಯಾಂಕಿನ್ಯಾಗ ಸಹಿ ಮಾಡೂದೈತಿ. ನಾ ಒಬ್ಬಾಕಿ ಹೆಂಗ ಹೋಗ್ಲೋ? ಜೋಡಿಗಿ ಬಾರೋ ಯಪ್ಪಾ.”

ಸರಿತಾ ಗಂಡನ ಮುಖ ನೋಡಿದಳು. ಇಷ್ಟು ವರ್ಷಕ್ಕೆ ಮೊದಲ ಸಲ ಯಲ್ಲಾಲಿಂಗನ ಹೊಟ್ಟೆಯಿಂದ ‘ಒಲ್ಲೆ’ ಎಂಬುದೊಂದು ಎದ್ದಿತು. ಎದೆಗೆ ಬಂತು, ಗಂಟಲಿಗೆ ಬಂತು. ಅಲ್ಲಿ ಗಾಳಿ ಹಿಡಿದ ನಳದ ಹಾಗೆ ಗೊರಗೊರ ಅಂದಿತು.

“ಎಷ್ಟೊತ್ತಿಗಿ ಬರ್ಲಿ ಅತ್ತಿ?”

ಸರಿತಾ ಮೊರ ಕೆಳಗಿಟ್ಟು ಎದ್ದಳು. ಗೂಟಕ್ಕೆ ತೂಗುಹಾಕಿದ್ದ ಅವನ ಅಂಗಿಯ ಜೇಬಿನಿಂದ ಆಧಾರ್ ಕಾರ್ಡು ತೆಗೆದಳು, ಜೋಳದ ಡಬ್ಬಿಯೊಳಗೆ ಮೊಣಕೈತನಕ ಕೈ ಇಳಿಸಿ ಅದನ್ನು ತಳಕ್ಕೆ ತುರುಕಿದಳು, ಮುಚ್ಚಳ ಹಾಕಿ ಅದರ ಮೇಲೆ ಕೂತಳು.

“ಹೋಗಿ ಬರ್ರಿ. ಬರೇ ಕೈಲೆ ಹೋಗ್ರಿ.”