ಟಿಕೆಟ್ ಕೊಡದ ಕಂಡಕ್ಟರ್

ನಮ್ಮ ಮಾವನಿಂದ ಚಿಲ್ಲರೆ ಬಿಟ್ಟು ತಪ್ಪಿಸಿಕೊಂಡವರು ಬ್ರಹ್ಮಾವರದಿಂದ ಬೈಂದೂರಿನ ತನಕ ಒಬ್ಬರೂ ಇಲ್ಲ! ಅಪಾರ್ಥ ಮಾಡಿಕೊಳ್ಳಬೇಡಿ. ಜನರಿಂದ ಮಾವನಿಗೆ ಬರಬೇಕಾದ ಚಿಲ್ಲರೆಯ ಮಾತಲ್ಲ ಇದು, ಮಾವನಿಂದ ಜನರಿಗೆ ಹೋಗಬೇಕಾದದ್ದು. ಲೋಕದಲ್ಲಿ ಸಾಲ ಕೊಟ್ಟವನು ಅಟ್ಟಿಸಿಕೊಂಡು ಬರುತ್ತಾನೆ, ತೆಗೆದುಕೊಂಡವನು ಓಡುತ್ತಾನೆ. ನಮ್ಮ ಮಾವನ ವಿಷಯದಲ್ಲಿ ಎಲ್ಲ ತಿರುಗಾಮುರುಗಾ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮೂವತ್ತೆರಡು ವರ್ಷ ನಮ್ಮ ಕಡೆಯ ಒಂದು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುವುದು ಎಲ್ಲ ಕಂಡಕ್ಟರುಗಳ ರೂಢಿ. ಪ್ರಯಾಣಿಕರು ಇಳಿಯುವ ಗಡಿಬಿಡಿಯಲ್ಲಿ ಅದನ್ನು ಮರೆಯುವುದೂ ರೂಢಿ. ಮರೆಯದಿರುವುದು ಮಾತ್ರ ನಮ್ಮ ಮಾವನೊಬ್ಬರ ಕಾಯಿಲೆ! ಒಮ್ಮೆ ವಂಡ್ಸೆಯ ಮುದುಕಿಯೊಬ್ಬರು ಎಪ್ಪತ್ತೈದು ಪೈಸೆ ಬಿಟ್ಟು ಇಳಿದುಹೋದರಂತೆ. ಮಾವ ತಮ್ಮ ರಜೆಯ ದಿನ, ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಮನೆ ಹುಡುಕಿಕೊಂಡು ಹೋಗಿ ಕೊಟ್ಟು ಬಂದರು. ಮುದುಕಿ ಸಂತೋಷದಿಂದ ಕಡುಬು ಬಡಿಸಿದರು. ಮಾವ ಅದಕ್ಕಿಂತ ಸಂತೋಷದಿಂದ ತಿಂದರು. ವಾಪಸು ಬರುವಾಗ ಮಳೆ ನಿಂತಿತ್ತು. ಹೊಚ್ಚಹೊಸ ಕೊಡೆ ಅಲ್ಲೇ ಉಳಿಯಿತು!

ನಾನು ಕುಂದಾಪುರದ ಕಾಲೇಜಿಗೆ ಹೋಗುತ್ತಿದ್ದದ್ದು ಅದೇ ಬಸ್ಸಿನಲ್ಲಿ. ಈಗಲೂ ಕಣ್ಣು ಮುಚ್ಚಿದರೆ ಆ ಬಸ್ಸು ಬಂದು ನಿಲ್ಲುತ್ತದೆ. ಡೀಸೆಲ್ ವಾಸನೆ, ಮಲ್ಲಿಗೆ ವಾಸನೆ, ಟಾಪಿನ ಮೇಲಿನ ಮೀನು ಬುಟ್ಟಿಯಿಂದ ಕಿಟಕಿಗೆ ತೊಟ್ಟಿಕ್ಕುವ ನೀರು. ಆ ನೀರು ಬಿದ್ದ ಸೀಟೊಂದು ಯಾವಾಗಲೂ ಖಾಲಿ, ಹೊಸಬರು ಖುಷಿಯಿಂದ ಹೋಗಿ ಕೂರುತ್ತಿದ್ದರು! ಮಾವ ಬೆರಳುಗಳ ಸಂದಿಯಲ್ಲಿ ನೋಟುಗಳನ್ನು ಉದ್ದುದ್ದ ಮಡಚಿ ಸಿಕ್ಕಿಸಿಕೊಂಡು, ಕಂಬಿ ಹಿಡಿಯದೆ, ಆ ತಿರುವುಗಳಲ್ಲಿ ಒಂದಿಷ್ಟೂ ಓಲಾಡದೆ ನಡೆದು ಬರುವುದನ್ನು ನೋಡಬೇಕು! ನೆಲದ ಮೇಲೆ ನಡೆಯುವಾಗಲೇ ಅವರು ಸ್ವಲ್ಪ ಓಲಾಡುವುದು.

ಇಂಥ ಮನುಷ್ಯನ ಮೊಬೈಲಿಗೆ ಹಣ ಕಳಿಸುವ ಆ್ಯಪ್ ಹಾಕಿಕೊಟ್ಟವರು ಯಾರು? ಯಾರೂ ಅಲ್ಲ, ಬ್ರಹ್ಮಾವರದಲ್ಲಿ ಮಕ್ಕಳಿಗೆ ಪಾಠ ಹೇಳುವ ಈ ಟೀಚರಮ್ಮ, ನಾನೇ. ಮೊದಲ ದಿನ ಮಾವ ನನಗೆ ಒಂದು ರೂಪಾಯಿ ಕಳಿಸಿ ಫೋನ್ ಮಾಡಿದರು.

“ಬಂತಾ?”

“ಬಂತು ಮಾವ.”

“ಸಮಾ ಕಾಣ್ ಮಗಾ. ನಂಗೆ ಹೋಯ್ತ್ ಅಂದ್ ಬಂದಿತ್ತ್. ನಿಂಗೆ ಬಂತ್ ಅಂದ್ ಬಂದಿತ್ತಾ?”

ಹೀಗೆ ಹನ್ನೊಂದು ಸಲ ಒಂದೊಂದು ರೂಪಾಯಿ ಬಂತು. ಹನ್ನೊಂದು ಸಲ ನಾನು ತಿರುಗಿ ಕಳಿಸಿದೆ. ನಮ್ಮ ನಡುವೆ ಒಂದೇ ರೂಪಾಯಿ ಇಡೀ ದಿನ ಶಟಲ್ ಬಸ್ಸಿನ ಹಾಗೆ ಓಡಾಡಿತು! ಮರುದಿನ ಮೀನು ಮಾರ್ಕೆಟ್ಟಿಗೆ ಹೋಗಿ ಬಂಗುಡೆ ಕೊಂಡು ಹಣ ಕಳಿಸಿದರಂತೆ. ಮೀನಿನವಳ ಪಕ್ಕದಲ್ಲಿದ್ದ, ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಮಾತಾಡುವ ತನಕ ಅಲ್ಲಿಂದ ಕದಲಲಿಲ್ಲ. ಪೆಟ್ಟಿಗೆಯ ಬ್ಯಾಟರಿ ಮುಗಿದು ಅದಾಗಲೇ ಎರಡು ದಿನ! ಕಡೆಗೆ ಮೀನಿನವಳೇ ಎದ್ದು ನಿಂತು, “ಇನ್ನೂರ್ ರೂಪಾಯಿ ಬಂತ್ ಮಾರಾಯ್ರೆ, ಬಂತ್! ಹೋಯ್ನಿ ಈಗ!” ಎಂದು ಪೆಟ್ಟಿಗೆಗಿಂತ ಜೋರಾಗಿ ಕೂಗಿದ ಮೇಲೆ ಮನೆಗೆ ಹೋದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮೈಸೂರಿನಲ್ಲಿ ಅತ್ತೆಯ ತಮ್ಮನ ಮಗಳ ಮದುವೆ ಬಂತು. ಮಾವ ತಾವೇ ಮೊಬೈಲಿನಲ್ಲಿ ಬಸ್ಸಿನ ಎರಡು ಸೀಟು ಬುಕ್ ಮಾಡಿದರು. ಸಾವಿರದ ನಾನೂರ ಅರವತ್ತು ರೂಪಾಯಿ ಖಾತೆಯಿಂದ ಹೋಯಿತು. ಟಿಕೆಟ್ ಬರುವ ಜಾಗದಲ್ಲಿ ಒಂದು ಚಕ್ರ ತಿರುಗತೊಡಗಿತು. ಬಸ್ಸಿನ ಚಕ್ರವೇ ಇರಬೇಕು, ಹೊರಟಿತು ಎಂದುಕೊಂಡರು ಮಾವ! ಹಣ ಕೊಟ್ಟ ಮೇಲೆ ಟಿಕೆಟ್ ಸಿಗದಿರುವುದು ಎಂಬ ಸಂಗತಿಯೇ ಅವರ ಅನುಭವದಲ್ಲಿ ಇರಲಿಲ್ಲ ನೋಡಿ.

ಆ ಸಂಜೆ ಕುಂದಾಪುರದಲ್ಲಿ ಬಸ್ಸು ಹತ್ತಿ, ತಾವು ಆರಿಸಿದ್ದ ಮುಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಲಿಸ್ಟ್ ಹಿಡಿದುಕೊಂಡು ಬಂದ ಕಂಡಕ್ಟರ್, “ನಿಮ್ಮ ಹೆಸ್ರ್ ಇದ್ರಲ್ಲಿ ಇಲ್ಲ, ಚೂರ್ ಏಳಿ” ಎಂದ. ಮಾವ ಹಣ ಹೋದ ಮೆಸೇಜು ತೋರಿಸಿದರು. ಅವನು ಲಿಸ್ಟ್ ತೋರಿಸಿದ. ಆ ಸೀಟಿನ ನಿಜವಾದ ಒಡೆಯರು ಎದುರು ನಿಂತು ಮುಖ ನೋಡುತ್ತಿದ್ದರು. ಕಡೆಗೆ ಎದ್ದು, ಮತ್ತೆ ನಗದು ಕೊಟ್ಟು, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಮೈಸೂರಿನ ತನಕ ಹಾರಿ ಹಾರಿ ಬಿದ್ದುಕೊಂಡು ಹೋದರು. ಅತ್ತೆ ಹೇಳಿದ್ದು ಒಂದೇ ಮಾತು:

“ಮೂವತ್ತೆರಡ್ ವರ್ಷ ಟಿಕೆಟ್ ಇಲ್ಲದವ್ರನ್ನ ಎಬ್ಸಿದ್ರಿ. ಇವತ್ತ್ ನಿಮ್ಮನ್ನೇ ಎಬ್ಸಿರ್.”

ಹಣಕ್ಕಿಂತ ಆ ಮಾತು ಮಾವನನ್ನು ಹೆಚ್ಚು ಚುಚ್ಚಿತು. ಮದುವೆಯಲ್ಲಿ ಹೋಳಿಗೆಯನ್ನೂ ಸರಿಯಾಗಿ ತಿನ್ನಲಿಲ್ಲವಂತೆ.

ಊರಿಗೆ ಬಂದವರೇ ಆ್ಯಪ್‌ನವರಿಗೆ ಫೋನ್ ಹಚ್ಚಿದರು. ಮೂರರಿಂದ ಏಳು ಕೆಲಸದ ದಿನಗಳಲ್ಲಿ ರಿಫಂಡ್ ಬರುತ್ತದೆ ಎಂದರು ಅವರು. ಮಾವ ಕೂಡಲೇ ನನಗೆ ಫೋನ್ ಮಾಡಿದರು.

“ಕೆಲ್ಸದ ದಿನ ಅಂದ್ರೆ ಎಂತ ಮಗಾ?”

“ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ ಮಾವ.”

“ನನ್ನ ದುಡ್ಡ್ ತೆಗ್ದದ್ದ್ ಭಾನುವಾರ! ತೆಗೂಕೆ ರಜೆ ಇಲ್ಲ, ಕೊಡೂಕೆ ಮಾತ್ರ ರಜೆಯಾ?”

ನಾನು ಕ್ಯಾಲೆಂಡರ್ ನೋಡಿ ಏಳು ಕೆಲಸದ ದಿನ ಎಣಿಸಿ ಹೇಳಿದೆ.

ಏಳು ದಿನ ಹೋಯಿತು. ಹದಿನೈದು ಹೋಯಿತು. ಬ್ಯಾಂಕಿನಲ್ಲಿ ಕೇಳಿದರೆ ಆ್ಯಪ್‌ನವರನ್ನು ಕೇಳಿ ಎಂದರು. ಆ್ಯಪ್‌ನವರು ಬಸ್ಸಿನವರನ್ನು ಕೇಳಿ ಎಂದರು. ಬಸ್ಸಿನವರು ಹಣ ನಮಗೆ ಬಂದೇ ಇಲ್ಲ, ಬ್ಯಾಂಕಿನಲ್ಲಿ ಕೇಳಿ ಎಂದರು. ಮಾವನ ಮೂವತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಇಷ್ಟು ಸಣ್ಣ ರೂಟಿನಲ್ಲಿ ಇಷ್ಟು ಟ್ರಿಪ್ ಹೊಡೆದದ್ದಿಲ್ಲ!

ದಿನಾ ಬೆಳಿಗ್ಗೆ ಹತ್ತಕ್ಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ಅವರ ಹೊಸ ಡ್ಯೂಟಿಯಾಯಿತು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಫೋನಿಗೆ ಅಂಗಿ ಯಾಕೆ ಎಂದು ಅತ್ತೆ ಕೇಳಿದರೆ, “ಬನಿಯನ್ನಾಗೆ ಮಾತಾಡ್ರೆ ಮಾತ್ ಗಟ್ಟಿ ಬತ್ತಿಲ್ಲ” ಎನ್ನುತ್ತಿದ್ದರು. ಅತ್ತ ಕಡೆಯಿಂದ “ನಿಮ್ಮ ಕರೆ ನಮಗೆ ಬಹಳ ಮುಖ್ಯ” ಎಂದು ಧ್ವನಿ ಬಂದರೆ, “ಆಯ್ತ್ ಮಾರಾಯ್ತಿ, ಹಾಂಗಾರೆ ತೆಗಿ” ಎಂದು ಉತ್ತರ. ಅದು ಮೆಷಿನ್ ಎಂದು ನಾನು ಹೇಳಿದ ಮೇಲೂ ಬಿಡಲಿಲ್ಲ. “ಮೆಷಿನ್ ಆರೆಂತ? ಅದ್ ನಮಸ್ಕಾರ ಅಂತ್ತ್, ನಾವ್ ತಿರ್ಗಿ ಹೇಳುದ್ ಬ್ಯಾಡ್ದಾ?”

ಒಂದು ದಿನ ಎಲ್ಲಿಂದಲೋ ಒಂದು ಹೊಸ ನಂಬರ್ ಹುಡುಕಿ ತೆಗೆದರು. ಅತ್ತ ಕಡೆಯವನು ಹಿಂದಿಯಲ್ಲಿ ಭಾರಿ ಮರ್ಯಾದೆಯಿಂದ ಮಾತಾಡಿ, ಹಣ ಈಗಲೇ ಬರುತ್ತದೆ, ಒಂದು ಹೊಸ ಆ್ಯಪ್ ಹಾಕಿಕೊಂಡು ಅದರಲ್ಲಿ ಬರುವ ನಂಬರ್ ಹೇಳಿ ಎಂದನಂತೆ. ಮಾವನ ಇಡೀ ಉಳಿತಾಯ ಇದ್ದದ್ದು ಆ ಒಂದೇ ಖಾತೆಯಲ್ಲಿ.

“ಹೇಳಿದ್ರಾ ಮಾವ?”

“ಹೇಳ್ತೆನಾ? ನಾನೆಷ್ಟ್ ವರ್ಷ ಚಿಲ್ರೆ ಕೊಟ್ಟಿದ್ದೆ! ಚಿಲ್ರೆ ಕೊಡ್ವವ ಯಾವತ್ತಾರೂ ಪ್ಯಾಸೆಂಜರ್ ಕಿಸಿಗೆ ಕೈ ಹಾಕ್ತ್ನಾ? ಅವ ಕಂಡಕ್ಟರ್ ಅಲ್ಲ, ಪಿಕ್‌ಪಾಕೆಟ್. ಮುಂದಿನ ಸ್ಟಾಪಲ್ಲಿ ಇಳಿ ಅಂದ್ ಫೋನ್ ಇಟ್ಟೆ!”

ಓದಿದವರು ಎಷ್ಟೋ ಮಂದಿ ಬಿದ್ದ ಗುಂಡಿಯನ್ನು ಮಾವ ಬ್ಯಾಗು ಹೆಗಲಿಗೇರಿಸಿಕೊಂಡು ದಾಟಿದ್ದರು. ಆದರೆ ಆ ದಿನದಿಂದ ನನಗೆ ಹೆದರಿಕೆ ಹತ್ತಿತು. ಇವತ್ತು ತಪ್ಪಿಸಿಕೊಂಡರು, ನಾಳೆ? ಮಾವನಿಗೆ ನಿದ್ದೆ ಸರಿ ಇಲ್ಲ, ಬಿ.ಪಿ. ಏರಿದೆ ಎಂದು ಅತ್ತೆ ಬೇರೆ ಫೋನಿನಲ್ಲಿ ಪಿಸುಗುಟ್ಟಿದರು. “ಆ ದುಡ್ಡು ನಾನೇ ಕೊಡುತ್ತೇನೆ, ಬಿಟ್ಟುಬಿಡಿ ಮಾವ” ಎಂದು ಒಮ್ಮೆ ಹೇಳಿ ನೋಡಿದೆ. “ನೀ ಎಂತಕೆ ಕೊಡುದ್? ತಕಂಡವ್ರ್ ಕೊಡ್ಲಿ” ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ನಲವತ್ತೊಂದನೆಯ ದಿನ ನಾನೊಂದು ಕಳ್ಳ ಕೆಲಸ ಮಾಡಿದೆ. ಶಾಲೆ ಬಿಟ್ಟವಳೇ ಬ್ಯಾಂಕಿಗೆ ಹೋಗಿ, ಮಾವನ ಖಾತೆಗೆ ಸಾವಿರದ ನಾನೂರ ಅರವತ್ತು ರೂಪಾಯಿ ನಗದು ಕಟ್ಟಿ ಬಂದೆ. ಮಾವ ಮೆಸೇಜಿನಲ್ಲಿ ಓದುವುದು ಅಂಕಿಯನ್ನು ಮಾತ್ರ ಎಂದು ನನಗೆ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಫೋನ್ ಬಂತು.

“ಹೆಣೆ! ಬಂತ್! ಒಂದ್ ಪೈಸೆ ಹೆಚ್ಚಿಲ್ಲ, ಒಂದ್ ಪೈಸೆ ಕಮ್ಮಿ ಇಲ್ಲ! ನಾ ಹೇಳಿದ್ನಲ್ದಾ? ಕೊಡ್ತ್ರ್ ಅವ್ರ್, ಚೂರ್ ನಿಧಾನ ಅಷ್ಟೇ!”

ಆ ಭಾನುವಾರ ನನ್ನನ್ನು ತಮ್ಮೂರು ಬೈಂದೂರಿಗೆ ಕರೆಸಿ, ಹೋಟೆಲಿನಲ್ಲಿ ಬನ್ಸ್ ಕೊಡಿಸಿದರು. ಪಕ್ಕದ ಟೇಬಲಿನವರಿಗೂ ರಿಫಂಡಿನ ಕಥೆ ಹೇಳಿದರು. ನಾನು ತಲೆ ತಗ್ಗಿಸಿ ಬನ್ಸ್ ತಿಂದೆ. ಸುಳ್ಳಿನ ಬನ್ಸ್ ಕೂಡ ಎಷ್ಟು ರುಚಿ ಎನ್ನುತ್ತೀರಿ!

ಎಲ್ಲ ಮುಗಿಯಿತು ಎಂದುಕೊಂಡೆ. ಒಂಬತ್ತು ದಿನ ಕಳೆದು ನಿಜವಾದ ರಿಫಂಡ್ ಬಂತು!

ಬೆಳಿಗ್ಗೆ ಆರಕ್ಕೇ ಮಾವನ ಫೋನ್. “ಮಗಾ, ಅವ್ರ್ ಮತ್ತೊಂದ್ ಸಲ ಹಾಕಿರ್! ಯಾರ್ದೋ ದುಡ್ಡ್ ನನ್ನ ಖಾತೆಗೆ ಬಂದಿತ್ತ್!”

ಮತ್ತೆ ಇಸ್ತ್ರಿ ಅಂಗಿ, ಮತ್ತೆ ಹತ್ತು ಗಂಟೆಯ ಡ್ಯೂಟಿ. ಹಣ ಬಂದಿಲ್ಲ ಎಂದು ಕೂಗುವವರನ್ನೇ ಕೇಳಿ ಕೇಳಿ ಕಿವುಡಾಗಿದ್ದ ಕಸ್ಟಮರ್ ಕೇರ್‌ನವರಿಗೆ, ಹಣ ಹೆಚ್ಚು ಬಂದಿದೆ, ತೆಗೆದುಕೊಳ್ಳಿ ಎಂಬ ದೂರು ಅರ್ಥವೇ ಆಗಲಿಲ್ಲ. ನಾವು ಕಳಿಸಿದ್ದು ಒಂದೇ ಸಲ, ನಿಮ್ಮ ದೂರು ಮುಚ್ಚಿದ್ದೇವೆ ಎಂದರು. ಮುಚ್ಚಿದ್ದನ್ನು ತೆಗೆಯಿರಿ ಎಂದರು ಮಾವ.

“ಅಲ್ಲಿ ಒಂದ್ ಹೆಣ್ಣ್ ಮಾತಾಡ್ತ್, ಪಾಪ. ಕಲೆಕ್ಷನ್ ಕಮ್ಮಿ ಬಂದ್ರೆ ಅದ್ರ ಸಂಬಳದಾಗೆ ಹಿಡಿತ್ರ್. ನಂಗೆ ಎಷ್ಟ್ ಸಲ ಹಿಡ್ದಿರ್ ಅಂಬ್ದ್ ನಂಗೊತ್ತ್” ಎಂದರು ನನ್ನ ಬಳಿ.

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಬೈಂದೂರಿಗೆ ಹೋದೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತುಗಳನ್ನು ಜೋಡಿಸಿಕೊಂಡೆ. ಹೋಗಿ ನೋಡಿದರೆ ಮಾವ ಜಗಲಿಯಲ್ಲಿ ಪಾಸ್‌ಬುಕ್ ತೆರೆದು ಕೂತಿದ್ದರು. ಆ ಬೆಳಿಗ್ಗೆಯೇ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿ, ಅಲ್ಲಿಯವರ ಕೈಯಲ್ಲಿ ಓದಿಸಿಕೊಂಡು ಬಂದಿದ್ದರು.

“ಇಲ್ಲ್ ಕಾಣ್” ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. “ಮೊದ್ಲ್ ಬಂದ ದುಡ್ಡ್ ಬ್ರಹ್ಮಾವರ ಬ್ರಾಂಚಲ್ಲಿ ಕ್ಯಾಶ್ ಕಟ್ಟಿದ್ದಂಬ್ರ್. ಬ್ರಹ್ಮಾವರದಲ್ಲಿ ನಂಗೆ ನಿನ್ನ ಬಿಟ್ರೆ ಯಾರಿದ್ರ್?”

ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಎಲ್ಲೋ ಹೋದವು. “ತಪ್ಪಾಯ್ತು ಮಾವ” ಎಂದೆ. “ನಿಮ್ಮ ಅವಸ್ಥೆ ನೋಡಲಿಕ್ಕಾಗದೆ ಕಟ್ಟಿದೆ. ಈಗ ಅದನ್ನು ನನಗೆ ವಾಪಸು ಕಳಿಸಿಬಿಡಿ. ಇಲ್ಲದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ.”

ಮಾವ ಪಾಸ್‌ಬುಕ್ ಮುಚ್ಚಿದರು.

“ಕಳ್ಸುದಿಲ್ಲೆ” ಎಂದರು.

ನನ್ನ ಕಿವಿಗೆ ಬಿದ್ದದ್ದು ಸರಿಯೇ? ವಂಡ್ಸೆಗೆ ಮುಕ್ಕಾಲು ರೂಪಾಯಿ ಹೊತ್ತುಕೊಂಡು ಹೋದ ಮನುಷ್ಯ!

“ಇಷ್ಟ್ ವರ್ಷ ನನ್ನ ಕೈಗೆ ದುಡ್ಡ್ ಕೊಟ್ಟವ್ರೆಲ್ಲ ಟಿಕೆಟ್ ಕೇಂಡಿರ್ ಮಗಾ. ಅದ್ ತಪ್ಪಲ್ಲ, ಕೇಣ್ಬೇಕಾದ್ದೇ. ನೀನೊಬ್ಳ್ ಎಂತದೂ ಕೇಣ್ದೆ, ಹೆಸ್ರೂ ಹೇಳ್ದೆ ಕೊಟ್ಟೆ. ಅದನ್ನ ತಿರ್ಗಿ ಕೊಡೂಕೆ ನಂಗೆ ಮನ್ಸ್ ಬತ್ತಿಲ್ಲ. ಇರ್ಲಿ, ನನ್ನ ಖಾತೆಯಾಗೇ ಇರ್ಲಿ.”

ಅಷ್ಟು ಹೇಳಿ ಕನ್ನಡಕ ತೆಗೆದು, ಇಸ್ತ್ರಿ ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಅತ್ತೆ ಬಾಗಿಲಿಗೆ ಬಂದವರು ತಿರುಗಿ ಒಳಗೆ ಹೋದರು.

ಸಂಜೆ ನನ್ನನ್ನು ಬಸ್ಸಿಗೆ ಹತ್ತಿಸಲು ಮಾವ ಹೈವೇ ತನಕ ಬಂದರು. ಬಸ್ಸು ನಿಂತಿತು. ನಾನು ಹತ್ತಿದೆ. ಮಾವ ಬಾಗಿಲ ಕಂಬಿ ಹಿಡಿದುಕೊಂಡು ಕಂಡಕ್ಟರಿಗೆ ಹೇಳಿದರು:

“ಹ್ವಾಯ್, ಇದ್ ನಮ್ಮನಿ ಹುಡ್ಗಿ. ಬ್ರಹ್ಮಾವರದಲ್ಲಿ ಜಾಗ್ರತೆಯಾಗೆ ಇಳ್ಸ್, ಅಕಾ?”

ಕಂಡಕ್ಟರ್ ನನ್ನ ನೆರೆತ ಕೂದಲನ್ನು ಒಮ್ಮೆ ನೋಡಿದ. ನಕ್ಕಾನು ಎಂದುಕೊಂಡೆ. ನಗಲಿಲ್ಲ. “ಆಯ್ತ್ ಮಾರಾಯ್ರೆ” ಎಂದು ವಿಸಿಲ್ ಊದಿದ. ನನಗೀಗ ನಲವತ್ತೆಂಟು. ಬ್ರಹ್ಮಾವರ ಬರುವ ತನಕ ನಾನು ಹುಡುಗಿಯಾಗಿಯೇ ಕೂತಿದ್ದೆ.