ಬಟ್ಟೆ ಕಂಡರೆ ಬಿಡದ ನಮ್ಮ ಮಾವ

ನಮ್ಮ ಸೋದರಮಾವನ ಮನೆಗೆ ಹೋದರೆ ಒಂದೇ ಕಡೆ ಬಹಳ ಹೊತ್ತು ಕೂರಬಾರದು. ಕೂತರೆ ನಿಮ್ಮ ಮೇಲೂ ಒಂದು ಬಳ್ಳಿ ಬರೆದುಬಿಡುತ್ತಾರೆ! ಉತ್ಪ್ರೇಕ್ಷೆ ಅಂದುಕೊಂಡಿರಾ? ಒಮ್ಮೆ ಜಹೀರಾಬಾದಿನ ಅವರ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಗೋಡೆಗೆ ಒರಗಿ ಸ್ವಲ್ಪ ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟು ನೋಡಿದರೆ ನನ್ನ ಹೊಸ ದುಪಟ್ಟಾದ ತುದಿಯಲ್ಲಿ ಎರಡು ಕೆಂಪು ದಾಸವಾಳ ಅರಳಿ ಕೂತಿದ್ದವು. ಪಕ್ಕದಲ್ಲಿ ಮಾವ, ಕುಂಚ ಹಿಡಿದು.

"ಮಾಮಾ, ಇದೇನ್ ಮಾಡೀರಿ!"

"ಖಾಲಿ ಇತ್ತಲ್ಲವಾ, ನೋಡಾಕ ಆಗ್ಲಿಲ್ಲ ನನಗ," ಎಂದರು, ತಪ್ಪು ನನ್ನ ದುಪಟ್ಟಾದ್ದೇ ಎಂಬಂತೆ.

ಖಾಲಿ ಬಟ್ಟೆ ಕಂಡರೆ ಮಾವನಿಗೆ ಹಸಿದವರನ್ನು ಕಂಡ ಹಾಗೆ ಸಂಕಟವಾಗುತ್ತಿತ್ತು. ಅವರ ಮನೆಯ ಟಿವಿಯ ಹೊದಿಕೆಯ ಮೇಲೆ ಕಮಲದ ಕೊಳ, ಮಿಕ್ಸಿಯ ಹೊದಿಕೆಯ ಮೇಲೆ ಜಿಂಕೆ, ಗ್ಯಾಸ್ ಸಿಲಿಂಡರಿಗೆ ಹೊಲಿಸಿದ ಅಂಗಿಯ ಮೇಲೆ ದ್ರಾಕ್ಷಿ ಗೊಂಚಲು. ಸಿಲಿಂಡರ್ ತಂದುಕೊಡುವಾತ ಪ್ರತಿ ಸಲವೂ "ಇದಕ್ಕ ಕುಂಕುಮ ಒಂದು ಹಚ್ಚೋದು ಉಳದದ ನೋಡ್ರಿ" ಎಂದು ನಗುತ್ತಿದ್ದ. ಅತ್ತೆಯಂತೂ ಒಗೆದ ಬಟ್ಟೆಯನ್ನು ಮಾವ ಕಚೇರಿಗೆ ಹೋದ ಮೇಲೆಯೇ ಒಣಹಾಕಿ, ಅವರು ಬರುವುದರೊಳಗೆ ಮಡಚಿ ಬೀರುವಿಗೆ ಸೇರಿಸಿ ಬೀಗ ಹಾಕುತ್ತಿದ್ದರು. ಬೇರೆಯವರು ಬೀಗ ಹಾಕುವುದು ಕಳ್ಳರಿಗೆ ಅಂಜಿ. ಅತ್ತೆ ಹಾಕುತ್ತಿದ್ದುದು ಗಂಡ ಹೂ ಬರೆದಾನು ಎಂದು ಅಂಜಿ!

ಕಚೇರಿಯಾದರೂ ಉಳಿಯಿತೇ? ಮಾವ ಸರಕಾರಿ ಗುಮಾಸ್ತರು. ಹಳೆಯ ಕಡತಗಳನ್ನು ಕಟ್ಟಿಡುವ ಕೆಂಪು ಬಟ್ಟೆಗೆ ಅಲ್ಲಿ ಬಸ್ತಾ ಎನ್ನುತ್ತಾರೆ. ಮಾವ ಊಟದ ಬಿಡುವಿನಲ್ಲಿ ಒಂದೊಂದು ಬಸ್ತಾದ ಮೂಲೆಗೂ ಒಂದೊಂದು ಚಿತ್ರ ಕಸೂತಿ ಹಾಕಿದರು. ಜಮೀನಿನ ಕಡತಕ್ಕೆ ಗಿಳಿ, ರೇಷನ್ ಕಾರ್ಡಿನ ಕಡತಕ್ಕೆ ಮೊಲ, ತಂಟೆ ತಕರಾರಿನ ಕಡತಕ್ಕೆ ಚೇಳು. ಹೊಸದಾಗಿ ಬಂದ ಅಧಿಕಾರಿ ಅದನ್ನು ಕಂಡು ಕೆಂಡವಾದರು. "ಇದು ಕಚೇರಿಯೋ, ಕೂಸಿನ ತೊಟ್ಟಿಲೋ?" ಎಂದು ಎಲ್ಲರೆದುರು ಬೈದರು. ಮಾವ ತಲೆ ತಗ್ಗಿಸಿ ನಿಂತರು. ತಿಂಗಳು ಕಳೆಯಿತು. ಮೇಲಿನವರು ತಪಾಸಣೆಗೆ ಬಂದ ದಿನ ಅದೇ ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಕೂಗಿದರು: "ರೀ, ಆ ಗಿಳಿ ತರ್ರಿ! ಲಗೂ! ಹಂಗೇ ಎರಡು ಚೇಳು ತಗೊಂಬರ್ರಿ!"

ಗಂಡಸಾಗಿ ಹುಟ್ಟಿ ಸೂಜಿ ದಾರದ ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರಿಗೆ ಮಾವ ನಮ್ಮ ಅಮ್ಮನ ಕಡೆ ಬೆರಳು ತೋರಿಸುತ್ತಿದ್ದರು. ಅಮ್ಮ ಅವರಿಗಿಂತ ಎಂಟು ವರ್ಷ ದೊಡ್ಡವಳು. ಅವರ ತಾಯಿ ಬೇಗ ತೀರಿಕೊಂಡದ್ದರಿಂದ ಮನೆಯವರೆಲ್ಲ ಖೇಡ ಎನ್ನುವ ನಾರಾಯಣಖೇಡದಲ್ಲಿ ತಮ್ಮನನ್ನು ಸಾಕಿದವಳು ಅಮ್ಮನೇ. ಏಳು ವರ್ಷದ ಮಾವ ಬೇವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ, ಮಲಗಿದಲ್ಲಿ ಸುಮ್ಮನಿರಲೆಂದು ಅವಳೇ ಕೈಗೆ ಸೂಜಿ ಕೊಟ್ಟಳು. ಕಾಲು ನೆಟ್ಟಗಾಯಿತು, ಸೂಜಿ ಮಾತ್ರ ಕೈ ಬಿಡಲಿಲ್ಲ. ಅವರಪ್ಪ ಬೈದರು, ಹೊಡೆದರು, ದಾರದ ಉಂಡೆಯನ್ನು ಒಲೆಗೂ ಹಾಕಿದರಂತೆ. ಅಮ್ಮ ಇನ್ನೊಂದು ಉಂಡೆ ತಂದುಕೊಟ್ಟಳಂತೆ. ಬಣ್ಣದ ಬಾಟಲಿಗಳು ಬಂದದ್ದು ನೌಕರಿ ಸಿಕ್ಕ ಮೇಲೆ.

ಅಮ್ಮ ಮದುವೆಯಾಗಿ ತಾಂಡೂರಿಗೆ ಬಂದಳು. ಮಾವ ಏನೇ ಹೊಲಿಯಲಿ, ಏನೇ ಬರೆಯಲಿ, ಅದು ಬಸ್ಸು ಹತ್ತಿ ತಾಂಡೂರಿಗೆ ಬರಲೇಬೇಕು. ಲೋಕವೆಲ್ಲ "ಛಂದ ಅದ" ಎಂದರೂ ಅವರಿಗೆ ಲೆಕ್ಕವಿಲ್ಲ. ಅಮ್ಮ ಕನ್ನಡಕ ಏರಿಸಿಕೊಂಡು, ಬಟ್ಟೆಯನ್ನು ಬೆಳಕಿಗೆ ಹಿಡಿದು, ತಿರುವಿ ಹಿಂಬದಿಯ ಗಂಟುಗಳನ್ನೂ ನೋಡಿ ತೀರ್ಪು ಹೇಳಬೇಕು.

"ಇದು ಏನೋ?"

"ಹಂಸ ಅಕ್ಕಾ."

"ಗಂಟಲ ಬ್ಯಾನಿ ಆಗ್ಯಾದೇನು ಅದಕ್ಕ? ಕುತ್ಗಿ ಹಂಗ್ಯಾಕ ಬಾತದ?"

ಐವತ್ತರ ಹತ್ತಿರ ಬಂದ ಗುಮಾಸ್ತರು ಶಾಲೆಯ ಹುಡುಗನಂತೆ ಕೈ ಕಟ್ಟಿಕೊಂಡು ನಿಂತು ಕೇಳುತ್ತಿದ್ದರು. ಊಟವಾದ ಮೇಲೆ ಮೂಲೆಯಲ್ಲಿ ಕೂತು ಹಂಸದ ಕುತ್ತಿಗೆ ಬಿಚ್ಚುತ್ತಿದ್ದರು.

ಇಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಜೋರಾಯಿತು. ಒಂದು ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಸರಕಾರಿ ನೌಕರರೆಲ್ಲ ಕೆಲಸ ಬಿಟ್ಟು ಬೀದಿಗೆ ಬಂದರು. ಕಚೇರಿಗಳು ಮುಚ್ಚಿದವು, ಬಸ್ಸುಗಳು ಡಿಪೋದಿಂದ ಹೊರಬೀಳಲಿಲ್ಲ, ನಮ್ಮ ಶಾಲೆಗೂ ಬೀಗ. ಮಾವ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸಮ್ಮೆಯ ಪೆಂಡಾಲಿಗೆ ಹೋಗುತ್ತಿದ್ದರು. ಎಲ್ಲರೂ ಘೋಷಣೆ ಕೂಗುವಾಗ ಇವರು ಕೂಗುತ್ತಲೇ ಕರವಸ್ತ್ರಕ್ಕೆ ಅಂಚು ಹೊಲಿಯುತ್ತಿದ್ದರಂತೆ. ಕೈ ಖಾಲಿ ಇದ್ದರೆ ಅವರಿಗೆ ದನಿ ಹೊರಡುತ್ತಿರಲಿಲ್ಲ!

ಇಂಥ ಕೈಯವರಿರುವಾಗ ಬ್ಯಾನರಿಗೆ ಬೇರೆಯವರೇಕೆ ಎಂದು ಮುಂದಾಳುಗಳು ದೊಡ್ಡ ಬಿಳಿ ಬಟ್ಟೆಯೊಂದನ್ನು ಇವರ ಮುಂದೆ ಹಾಸಿದರು. ತೆಲಂಗಾಣದ ನಕ್ಷೆ ಬರೆದು ಕೆಳಗೆ ಜೈ ತೆಲಂಗಾಣ ಎಂದು ಬರೆಯಬೇಕು, ಅಷ್ಟೇ. ಮಾವ ಎರಡು ದಿನ ಊಟ ಮರೆತು ಬರೆದರು. ಸುತ್ತಲೂ ಮಲ್ಲಿಗೆಯ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ತೋರಣ. ಆದರೆ ನಲವತ್ತು ವರ್ಷ ಸೆರಗಿನ ಮೇಲೆ ಮಾವಿನಕಾಯಿ ಮೂಡಿಸಿದ ಕೈ ನೋಡಿ, ನಕ್ಷೆ ಬರೆಯುವಾಗಲೂ ತುದಿಯಲ್ಲಿ ತಾನಾಗಿ ಡೊಂಕಾಗಿಬಿಟ್ಟಿತು. ಮುಂದಾಳು ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟರು. "ಅರೇ ಭಾಯಿ, ಯೇ ನಕ್ಷಾ ಹೈ ಕಿ ಆಮ್?" ನಕ್ಷೆಯೋ ಮಾವಿನಕಾಯಿಯೋ!

ಮಾವ ಒಂದು ಕ್ಷಣ ಯೋಚಿಸಿ ಹೇಳಿದರು: "ಹಣ್ಣಾಗೋ ಹೊತ್ತು ಬಂದದ್ರಿ, ಅದಕ್ಕ ಹಂಗ ಬರದೀನಿ."

ಮುಂದಾಳು ಆ ಮಾತನ್ನು ಸಂಜೆಯ ಭಾಷಣದಲ್ಲಿ ತಮ್ಮದೇ ಎಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಬ್ಯಾನರು ಟಿವಿಯಲ್ಲೂ ಒಂದೆರಡು ಗಳಿಗೆ ಬಂತು. ಅಮ್ಮ ಟಿವಿಗೆ ಮೂಗು ತಾಗಿಸಿ ನೋಡಿ, "ಅಂಚು ನೋಡು, ನಾ ಕಲಿಸಿದ್ದು!" ಎಂದು ಓಣಿಯೆಲ್ಲ ಸಾರಿ ಬಂದಳು.

ಮೂಗು ತಾಗಿಸಿ ಎಂದೆನಲ್ಲ, ಅದು ತಮಾಷೆಗೆ ಹೇಳಿದ್ದಲ್ಲ. ಆಗಲೇ ಅಮ್ಮನಿಗೆ ದೂರದಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹೈದರಾಬಾದಿನ ಡಾಕ್ಟರು ಲೇಸರ್ ಮಾಡಬೇಕೆಂದು ದಿನ ಕೊಟ್ಟಿದ್ದರು. ಆ ದಿನ ಬರುವ ಹೊತ್ತಿಗೆ ಬಸ್ಸಿಲ್ಲ, ರೈಲೂ ತಡೆದಿದ್ದರು, ಕಾರಿನವರು ದಾರಿಯಲ್ಲಿ ಧಾರೂರಿನಾಚೆ ಕಲ್ಲು ಬೀಳುತ್ತವೆ ಎಂದು ಬರಲೊಪ್ಪಲಿಲ್ಲ. ನಾನು ಮಾವನಿಗೆ ಫೋನ್ ಮಾಡಿದೆ. ಅವರು ಅಮ್ಮನ ಕೈಗೆ ಫೋನ್ ಕೊಡು ಎಂದರು.

"ಎರಡು ವಾರ ತಡಿ ಅಕ್ಕಾ. ಸಮ್ಮೆ ಮುಗೀತದ. ನಾನೇ ಬಂದು ಕರಕೊಂಡು ಹೋಗ್ತೀನಿ."

"ಆತು ತಗೋ. ಇಷ್ಟು ದಿನ ತಡದದ, ಇನ್ನೆರಡು ವಾರ ತಡೀತದ," ಎಂದಳು ಅಮ್ಮ.

ಎರಡು ವಾರ ನಾಲ್ಕಾಯಿತು, ನಾಲ್ಕು ಐದಾಯಿತು. ಒಂದು ಬೆಳಿಗ್ಗೆ ಅಮ್ಮ ಚಹಾ ಸೋಸುತ್ತಿದ್ದವಳು ಪಾತ್ರೆ ಕೆಳಗಿಟ್ಟು, "ಕಣ್ಣೊಳಗ ಜ್ಯಾಡರ ಬಲಿ ಬಂದಂಗ ಆಗ್ಯಾದವಾ" ಎಂದು ಗೋಡೆ ಹಿಡಿದುಕೊಂಡಳು. ಕಣ್ಣೊಳಗೆ ರಕ್ತನಾಳ ಒಡೆದಿತ್ತು. ಸುದ್ದಿ ತಿಳಿದ ಮಾವ ಯಾರ್ಯಾರ ಕಾಲೋ ಹಿಡಿದು ಜೀಪು ಹೊಂದಿಸಿಕೊಂಡು ಬಂದರು. ಹೈದರಾಬಾದು ಮುಟ್ಟಿದೆವು. ಒಂದು ಕಣ್ಣು ಹೋಗಿದೆ, ಇನ್ನೊಂದಕ್ಕೆ ಪ್ರಯತ್ನ ಮಾಡೋಣ ಎಂದರು ಡಾಕ್ಟರು. ಮಾಡಿದರು. ತೆಲಂಗಾಣ ಬಂದ ವರ್ಷ ಊರೆಲ್ಲ ಪಟಾಕಿ ಹೊಡೆದಾಗ ಅಮ್ಮ ಅಂಗಳದಲ್ಲಿ ಕೂತು, "ಯಾವ ಬಣ್ಣ ಬರಾಕತ್ತಾವ ಹೇಳು" ಎಂದು ನನ್ನನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ಎರಡನೆಯದೂ ಮುಗಿದಿತ್ತು.

"ಬೇಗ ಬಂದಿದ್ದರೆ ಉಳಿಯುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ" ಎಂದಿದ್ದರು ಡಾಕ್ಟರು. ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಮಾವನ ಕಿವಿಗೆ ಬಿದ್ದದ್ದು "ಬೇಗ ಬಂದಿದ್ದರೆ" ಎಂಬಷ್ಟೇ.

ಅವರು ಕುಂಚ ಮುಟ್ಟುವುದನ್ನು ಬಿಟ್ಟರು. ಬಣ್ಣದ ಬಾಟಲಿಗಳು ಒಣಗಿ ಕಲ್ಲಾದವು. ಹಬ್ಬಕ್ಕೆ ನಾನು ಜಹೀರಾಬಾದಿಗೆ ಹೋದಾಗ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಹಗ್ಗದ ಮೇಲೆ ಹೊಸ ಬಿಳಿ ಚಾದರವೊಂದು ನೇತಾಡುತ್ತಿತ್ತು.

"ಮೂರು ದಿನ ಆತು, ಬೇಕಂತಲೇ ಹಾಕೀನಿ," ಎಂದರು ಅತ್ತೆ. "ಅದರ ಬಾಜೂಕಿಂದೇ ಹಾದು ಹೋಗ್ತಾರ. ಕಣ್ಣೆತ್ತಿ ಸುದ್ದಾ ನೋಡಂಗಿಲ್ಲ." ಬೀರುವಿಗೆ ಬೀಗ ಹಾಕುತ್ತಿದ್ದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡರು.

ಪ್ರತಿ ಭಾನುವಾರ ಮಾವ ತಾಂಡೂರಿಗೆ ತಪ್ಪದೆ ಬರುತ್ತಿದ್ದರು. ಅಮ್ಮನಿಗೆ ಕಣ್ಣಿನ ಹನಿ ಹಾಕುವರು, ಉಗುರು ತೆಗೆಯುವರು, ಗೋಡೆಗೆ ಒರಗಿ ಕೂರುವರು.

"ಏನ್ ತಂದೀ?" ಅಮ್ಮ ಕೇಳುವಳು.

"ಏನಿಲ್ಲಕ್ಕಾ."

ಹೀಗೆ ಎಷ್ಟೋ ಭಾನುವಾರ. ಒಂದು ಸಲ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಕಣ್ಣು ಹೋಗಿದ್ದು ನಂದು. ನಿನ್ನ ಕೈಗೇನ್ ಬಂದದ ರೋಗ?"

ಮಾವ ನೆಲ ನೋಡುತ್ತ ಅಂದರು: "ಬಸ್ ನಿಲ್ಲಸ್ರಿ ಅಂತ ಕೂಗಿದ್ದು ನಾ ಅಕ್ಕಾ. ಬ್ಯಾನರ್ ಬರದಿದ್ದು ನಾ. ತಡಿ ಅಂತ ಫೋನಿನ್ಯಾಗ ಹೇಳಿದ್ದೂ ನಾನೇ."

"ತಡೀತದ ಅಂತ ಅಂದಿದ್ದು ಯಾರು? ನಾ. ಆ ಬ್ಯಾನರ್ ನೋಡಿ ಓಣಿಗೆಲ್ಲ ಹೇಳಿ ಬಂದಿದ್ದು ಯಾರು? ನಾ. ಇಡೀ ನಾಡು ರಸ್ತಾದ ಮ್ಯಾಲ ಕುಂತಿತ್ತು, ನೀ ಒಬ್ಬಾಂವೇ ಏನು? ತಪ್ಪು ಹಂಚಾಕ ಕುಂತ್ರ ನನಗೂ ಒಂದು ಪಾಲು ಹಾಕು." ಅಮ್ಮ ಗಾಳಿಯಲ್ಲಿ ಕೈ ಆಡಿಸಿ ತಮ್ಮನ ತಲೆಯನ್ನು ಹುಡುಕಿಕೊಂಡಳು. "ಮುಂದಿನ ವಾರ ಖಾಲಿ ಕೈಲೆ ಬಂದ್ರ ಬಾಗ್ಲಾ ತೆಗ್ಯಾಂಗಿಲ್ಲ ನೋಡು."

ಮುಂದಿನ ವಾರ ಮಾವ ಒಂದು ತಲೆದಿಂಬಿನ ಚೀಲ ತಂದರು. ಬಣ್ಣವಿರಲಿಲ್ಲ. ದಪ್ಪ ದಾರದ ಗಂಟು ಹೊಲಿಗೆ. ಒಂದೊಂದು ಗಂಟೂ ಜೋಳದ ಕಾಳಿನಂತೆ ಬೆರಳಿಗೆ ಸಿಗುತ್ತಿತ್ತು. ಅಮ್ಮ ಎರಡೂ ಕೈಯಿಂದ ಸವರಿದಳು, ಮತ್ತೆ ಸವರಿದಳು.

"ಬದನೀಕಾಯಿ?"

"ಆನಿ ಅಕ್ಕಾ."

"ಅಯ್ಯ, ಇದು ಸೊಂಡಿಲೇನು? ನಾ ತೊಟ್ಟು ಅಂದ್ಕೊಂಡೆ!"

ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಮಾವ ಮೂಲೆಯಲ್ಲಿ ಕೂತು ಆನೆಯ ಸೊಂಡಿಲು ಬಿಚ್ಚತೊಡಗಿದರು. ಆ ಮೇಲೆ ವಾರಕ್ಕೊಂದು ಬಂದವು. ಕುದುರೆ, ತೇಗದೆಲೆ, ರೈಲು. ರೈಲಿನ ಡಬ್ಬಿ ಎಣಿಸಿ ಒಂದು ಕಡಿಮೆ ಇದೆ ಎಂದು ಅಮ್ಮ ಜಗಳವಾಡಿದಳು.

ಅಮ್ಮ ತೀರಿಕೊಳ್ಳುವ ಮೊದಲಿನ ಚಳಿಗಾಲ. ಆ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ಮಾವ ಒಂದು ದೊಡ್ಡ ಚಾದರವನ್ನು ತಂದು ಅವಳ ತೊಡೆಯ ಮೇಲೆ ಹರಡಿದರು. ಏನೆಂದು ಹೇಳಲಿಲ್ಲ. ಅಮ್ಮನ ಬೆರಳು ಅಂಚಿನಿಂದ ಒಳಗೆ ಹೊರಟಿತು.

"ಇದು ಕಟ್ಟಿ... ಕಟ್ಟಿ ಮ್ಯಾಲ ಗೂಡು. ಇದು ಬಾಗ್ಲಾ, ಚಿಲಕಾ ಎಡಕ... ಒಳಗ ಮೂರು ಮೆಟ್ಲ." ಬೆರಳು ಆ ಮೆಟ್ಟಿಲುಗಳನ್ನು ಮತ್ತೊಮ್ಮೆ ಎಣಿಸಿತು. "ಖೇಡದ ಮನೀನೋ ಇದು!"

"ಹೂಂ ಅಕ್ಕಾ."

ಬೆರಳು ಪಡಸಾಲೆ ದಾಟಿತು, ಬಾವಿಯ ರಾಟೆಯ ಹತ್ತಿರ ನಿಂತಿತು, ಅಡುಗೆಮನೆಯ ಬಾಗಿಲಿಗೆ ಬಂತು. ಅಲ್ಲೊಂದು ಆಕಾರ. ಸೀರೆಯ ನೆರಿಗೆ, ಬಳೆ, ಹೆಗಲ ಮೇಲೆ ಸೆರಗು.

"ಇದು ಯಾರು?"

"ಅವ್ವ."

ಅಮ್ಮನ ಬೆರಳು ಮೆಲ್ಲಗೆ ಮೇಲೇರಿ ಮುಖದ ಜಾಗಕ್ಕೆ ಬಂತು. ಅಲ್ಲಿ ಗಂಟುಗಳಿರಲಿಲ್ಲ. ಬರೀ ನುಣ್ಣನೆಯ ಬಟ್ಟೆ.

"ಮಾರಿ ಯಾಕ ಬಿಟ್ಟೀ?"

"ನನಗ ನೆನಪಿಲ್ಲಕ್ಕಾ," ಎಂದರು ಮಾವ. "ಅವ್ವ ಹೋದಾಗ ನಾ ಮೂರು ವರ್ಷದಾಂವ. ಒಂದು ಫೋಟೋ ಸುದ್ದಾ ಇಲ್ಲ. ಇಷ್ಟು ವರ್ಷ ಯಾರ ಮುಂದೂ ಹೇಳಾಕ ಆಗ್ಲಿಲ್ಲ ನನಗ. ನೀ ಅವ್ವನ್ನ ನೋಡೀದಿ. ನೀ ಹೇಳು, ನಾ ಹೊಲೀತೀನಿ."

ಅಮ್ಮ ತಮ್ಮನ ಕೈ ಹಿಡಿದು ತನ್ನ ಹಣೆಯ ಮೇಲಿಟ್ಟುಕೊಂಡಳು.

"ಹಣಿ ಹಿಂಗಿತ್ತು, ನಂದಿದ್ದಂಗ, ಅಗಲ. ಗಲ್ಲ ನನ್ನಷ್ಟು ಬತ್ತಿರ್ಲಿಲ್ಲ, ತುಂಬಿತ್ತು. ನಕ್ರ ಎಡಕ್ಕ ಒಂದು ಕುಳಿ ಬೀಳ್ತಿತ್ತು." ಅವಳ ಇನ್ನೊಂದು ಕೈ ಮಾವನ ಮುಖವನ್ನು ಹುಡುಕುತ್ತ ಬಂದು ಮೂಗಿನ ಮೇಲೆ ನಿಂತಿತು. "ಮೂಗಿಗೆ ಎಲ್ಲಿ ಹುಡುಕ್ತೀ? ನಿನ್ನ ಹಂತ್ಯಾಕೇ ಅದ. ಕನ್ನಡಿ ನೋಡ್ಕೊಂಡು ಹೊಲಿ."

ಮಾವ ಕಣ್ಣು ಮುಚ್ಚಿಕೊಂಡು, ತಮ್ಮ ಮುಖದ ಮೇಲಿದ್ದ ಆ ಕೈಯನ್ನು ಹಾಗೇ ಇರಗೊಟ್ಟರು. ಆಮೇಲೆ ಜೇಬಿನಿಂದ ಸೂಜಿ ತೆಗೆದರು, ದಾರ ತೆಗೆದರು. ನಾಲ್ಕು ಸಲ ಪ್ರಯತ್ನಿಸಿದರೂ ಪೋಣಿಸಲಾಗಲಿಲ್ಲ. ನಾನೇ ಪೋಣಿಸಿ ಕೊಟ್ಟೆ.