ಹಳಿಯಾಳದ ಲಗ್ನಪತ್ರಿಕೆ ಮತ್ತು ಬೂಟ್ ಆಗುವ ಡಿಸ್ಕು

ಕಂಪ್ಯೂಟರ್ ರಿಪೇರಿಯವನ ಬಾಳಿನಲ್ಲಿ ಪ್ರತಿ ಕೆಲಸವೂ ‘ಬರೇ ಅರ್ಧ ತಾಸಿಂದು’ ಎಂದೇ ಶುರುವಾಗುತ್ತದೆ. ಇದು ನನಗೆ ಮಾತ್ರ ಹೀಗೋ ಎಂದು ಮೊದಮೊದಲು ಅನುಮಾನವಿತ್ತು. ಈಗ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ದಾಂಡೇಲಿಯಲ್ಲಿ ನಾನೂ ನನ್ನ ಪಾಲುದಾರನೂ ಒಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ಹಳಿಯಾಳದ ಒಂದು ಪುಟ್ಟ ಪ್ರೆಸ್ಸು ನಮ್ಮ ಗಿರಾಕಿ. ಅದರ ಯಜಮಾನರು ಸುತ್ತಲಿನ ಹಳ್ಳಿಗಳಿಗೆಲ್ಲ ಲಗ್ನಪತ್ರಿಕೆ ಮಾಡಿಕೊಟ್ಟವರು. ಈಗ ಅವರ ಮಗಳ ಲಗ್ನವೇ ಗೊತ್ತಾಗಿತ್ತು. ಬೀಗರು ಮುಂಡಗೋಡ ತಾಲೂಕಿನ ಪಾಳಾದವರು. ಯಜಮಾನರು ಹುಬ್ಬಳ್ಳಿಯಿಂದ ಹೊಸ ಕಲರ್ ಪ್ರಿಂಟರು ತಂದಿದ್ದರು. ಅದನ್ನು ಜೋಡಿಸಿದರೆ ಅವರ ಹಳೆಯ ತೊಂಬತ್ತೆಂಟರ ವಿಂಡೋಸ್ ಅದರ ಗುರುತೇ ಇಲ್ಲದವರಂತೆ ಸುಮ್ಮನೆ ಕುಳಿತಿತು. ಫೋನು ಬಂತು.

“ಊರ ಮಂದೀ ಪತ್ರಿಕಿ ಎಲ್ಲಾ ಕಪ್ಪು-ಬಿಳಿ ಮಾಡೀನ್ರಿ ಸರ್ರ. ನನ್ನ ಮಗಳದರ ಕಲರ್ ಆಗ್ಲಿ. ಶುಕ್ರವಾರ ಬೀಗರು ಪತ್ರಿಕಿ ನೋಡಾಕ ಬರ್ತಾರ. ಅವರು ಒಮ್ಮೆ ‘ಭೇಷ್’ ಅಂದ್ರ ಸಾಕು. ಅನ್ನಲಿಲ್ಲ ಅಂದ್ರ, ಇಷ್ಟು ವರ್ಷ ಪ್ರೆಸ್ ನಡಿಸಿ ಏನ್ ಮಾಡಿದಂಗಾತು?”

“ಹೊಸಾ ವಿಂಡೋಸ್ ಎಕ್ಸ್‌ಪಿ ಹಾಕಿದ್ರಾತು ಬಿಡ್ರಿ. ಅರ್ಧ ತಾಸಿನ ಕೆಲಸ” ಎಂದೆ.

ಗಿರಣಿ ನಿಂತದ್ದು

ಹಳೆಯದರ ಮೇಲೆಯೇ ಹೊಸದನ್ನು ಹಾಕುವುದೂ ಉಂಟು. ಅದು ಹಸಿ ಹಿಡಿದ ಗೋಡೆಗೆ ಸುಣ್ಣ ಬಳಿದಂತೆ. ಯಜಮಾನರ ಕಂಪ್ಯೂಟರಿನಲ್ಲಿ ತಾಲೂಕಿನ ಎಲ್ಲ ಫ್ಲಾಪಿಗಳ ವೈರಸ್ಸೂ ನೆಲೆಸಿದ್ದರಿಂದ ಪೂರ್ತಿ ಕೆಡವಿ ಕಟ್ಟುವುದೇ ಸರಿ ಎಂದು ನಾವು ತೀರ್ಮಾನಿಸಿದೆವು. ಮನೆಯೊಳಗೇ ನಿಂತು ಮನೆ ಕೆಡವಲು ಬರುವುದಿಲ್ಲ. ಹೊರಗೆ ನಿಲ್ಲಲು ಒಂದು ಜಾಗ ಬೇಕು. ಕಂಪ್ಯೂಟರಿಗೆ ಆ ಜಾಗವೇ ಬೂಟ್ ಆಗುವ ಡಿಸ್ಕು, ಎಂದರೆ ಒಂದು ಸಿಡಿ. ಯಂತ್ರ ತನ್ನೊಳಗಿನದನ್ನು ಬಿಟ್ಟು ಆ ಡಿಸ್ಕಿನಿಂದಲೇ ಎದ್ದು ಕೂರುತ್ತದೆ.

ಡಿಸ್ಕು ರೈಟ್ ಮಾಡುವ ಯಂತ್ರ ನಮ್ಮಲ್ಲಿತ್ತು. ಆದರೆ ಅಂಗಡಿ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ. ಕೆಳಗೆ ಗಿರಣಿ ಶುರುವಾದರೆ ಮೇಲೆ ಕರೆಂಟು ಕುಗ್ಗುತ್ತಿತ್ತು, ಮೇಜು ನಡುಗುತ್ತಿತ್ತು, ಡಿಸ್ಕು ಅರ್ಧಕ್ಕೇ ಕೆಡುತ್ತಿತ್ತು. ಹಾಗಾಗಿ ಗಿರಣಿಯವನ ಕೈಕಾಲು ಹಿಡಿದು ಸ್ವಲ್ಪ ಹೊತ್ತು ನಿಲ್ಲಿಸಿದೆವು. ಕೆಳಗೆ ಡಬ್ಬಿಗಳ ಸಾಲು ಬೆಳೆಯಿತು. ಕೊನೆಗೆ ಒಬ್ಬ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮಾಳಿಗೆ ಹತ್ತಿ ಬಂದರು.

“ಏನ್ ನಡಸೀರಿ ಇಲ್ಲೆ? ಜ್ವಾಳ ಇಟ್ಕೊಂಡು ಎಷ್ಟೊತ್ತು ನಿಂದ್ರೂದು?”

ನಾನು ಪರದೆಯ ಮೇಲೆ ತೆವಳುತ್ತಿದ್ದ ನೀಲಿ ಪಟ್ಟಿ ತೋರಿಸಿದೆ. “ಅದು ಆ ತುದಿ ಮುಟ್ಟಿದ ಕೂಡ್ಲೆ ಗಿರಣಿ ಚಾಲೂ ರೀ, ಆಯಿ.”

ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. ಪಟ್ಟಿ ತುದಿ ಮುಟ್ಟುವವರೆಗೂ ಕಣ್ಣು ತೆಗೆಯಲಿಲ್ಲ. ಡಿಸ್ಕು ಹೊರಬಂದಾಗ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

“ಇದರಾಗ ಏನೈತಿ?”

“ಒಂದು ಕಂಪ್ಯೂಟರಿಗೆ ಬೇಕಾದ ಬುದ್ಧಿ ಎಲ್ಲಾ ಐತ್ರಿ.”

“ಹಂಗಾರ ಕೆಳಗಿನ ಗಿರಣ್ಯಾವಗೂ ಒಂದು ಮಾಡಿಕೊಡು. ನೀವು ನಿಂದ್ರಸಂದ್ರ ನಿಂದ್ರಸ್ತಾನ!”

ಎಲೆಯ ಮೇಲೆ ಬುತ್ತಿಗಂಟು

ಬುಧವಾರ ಹಳಿಯಾಳದ ಬಸ್ಸು ಹತ್ತಿದೆ. ಪ್ರೆಸ್ಸಿನಲ್ಲಿ ಯಜಮಾನರು ಕಂಪ್ಯೂಟರಿಗೆ ಹೂ ಏರಿಸಿ ಕಾಯುತ್ತಿದ್ದರು. ಯಂತ್ರದ ಮುಂದೆ ಕುಳಿತವಳು ಮಾತ್ರ ಅವರ ಮಗಳು. ಆ ಪ್ರೆಸ್ಸಿನ ಟೈಪಿಂಗ್ ಎಲ್ಲ ಅವಳದೇ. ತನ್ನ ಲಗ್ನದ ಪತ್ರಿಕೆಯನ್ನೂ ತಾನೇ ಟೈಪ್ ಮಾಡಿದ್ದಳು.

“ಹುಡುಗನ ಹೆಸರು ಸರಿ ಹೊಡದಿದಿ ಹೌದಿಲ್ಲೋ, ಇನ್ನೊಮ್ಮಿ ನೋಡು” ಎಂದು ತಂದೆ ಅಂದರೆ, “ಅದೊಂದು ತಪ್ಪೂದಿಲ್ಲ ಬಿಡಪಾ” ಎನ್ನುವ ಪೈಕಿ.

ಡಿಸ್ಕು ಹಾಕಿ ಯಂತ್ರ ಶುರು ಮಾಡಿದೆ. ಬೂಟ್ ಆಗುವ ಡಿಸ್ಕು ಹಾಕಿರಿ ಎಂದು ಅದು ಬರೆದು ತೋರಿಸಿತು.

“ಹಾಕೀವಿ ಅನ್ರಿ ಅದಕ್ಕ” ಎಂದರು ಯಜಮಾನರು.

ತೆಗೆದು ಒರೆಸಿ ಮತ್ತೆ ಹಾಕಿದೆ. ಅದೇ ಉತ್ತರ. ಕೊನೆಗೆ ಮಗಳು ಹಳೆಯ ವಿಂಡೋಸಿಗೇ ಹೋಗಿ ಡಿಸ್ಕನ್ನು ತೆರೆದು ನೋಡಿದಳು. “ಸರ್ರ, ಒಳಗ ಒಂದ ಫೈಲ್ ಐತ್ರಿ. ದೊಡ್ಡದೈತಿ, ಆದ್ರ ಒಂದ.”

ಆಗ ತಿಳಿಯಿತು. ಡಿಸ್ಕಿಗೆ ಬೇಕಾದದ್ದನ್ನೆಲ್ಲ ಒಂದೇ ಫೈಲಿನಲ್ಲಿ ಗಂಟು ಕಟ್ಟಿ ಇಟ್ಟಿರುತ್ತಾರೆ. ರೈಟ್ ಮಾಡುವಾಗ ಅದನ್ನು ಬಿಚ್ಚಿ ಹರಡಬೇಕು. ರೈಟ್ ಮಾಡಿದ ನನ್ನ ಪಾಲುದಾರ ಗಂಟನ್ನು ಗಂಟಾಗಿಯೇ ಇಟ್ಟಿದ್ದ. ಬುತ್ತಿ ಬಿಚ್ಚಿ ಬಡಿಸುವ ಬದಲು ಬುತ್ತಿಗಂಟನ್ನೇ ಎಲೆಯ ಮೇಲಿಟ್ಟು ‘ಉಣ್ರಿ’ ಎಂದಂತೆ.

ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಮಾಡಿದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡು, “ಎಲ್ಲಾ ಒಳಗ ಐತಿಲ್ಲೋ? ಏನೂ ಕಳದಿಲ್ಲಲ್ಲ? ಹಂಗಾರ ಚಿಂತಿ ಯಾಕ ಮಾಡ್ತಿ” ಎಂದ.

ಜೊಯ್ಡಾದ ಮಂಗಗಳು

ಮತ್ತೊಂದು ಡಿಸ್ಕು ಮಾಡೋಣವೆಂದರೆ ಗಿರಣಿ ಎರಡನೇ ಸಲ ನಿಲ್ಲಲಿಲ್ಲ. ದೀಪಾವಳಿ ಎದುರಿಗಿತ್ತು, ಊರಿನ ಚಕ್ಕುಲಿ ಹಿಟ್ಟೆಲ್ಲ ಅಲ್ಲೇ ಬೀಸಬೇಕು. ಅಷ್ಟರಲ್ಲಿ ಪಾಲುದಾರನಿಗೆ ನೆನಪಾಯಿತು: ಹಿಂದಿನ ವಾರ ಜೊಯ್ಡಾದ ಒಬ್ಬ ಕಿರಾಣಿ ಅಂಗಡಿಯವರ ಕಂಪ್ಯೂಟರಿಗೆ ಇದೇ ಎಕ್ಸ್‌ಪಿ ಹಾಕಿದ್ದ, ಸರಿಯಾಗಿ ಬೂಟ್ ಆಗುವ ಡಿಸ್ಕನ್ನು ಅಲ್ಲೇ ಮರೆತು ಬಂದಿದ್ದ.

ಗುರುವಾರ ಜೊಯ್ಡಾಕ್ಕೆ ಹೋದೆ. ಅಂಗಡಿಯವರು ಮನೆಯಲ್ಲಿ ಕೊಂಕಣಿ ಮಾತಾಡುವವರು. ನನ್ನೊಡನೆ ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಕನ್ನಡ ಮಾತಾಡಿದರು.

“ಆ ಡಿಸ್ಕು? ಉಂಟಲ್ಲ. ಕೆಲಸದಲ್ಲಿ ಉಂಟು.”

ಹಿತ್ತಲಿಗೆ ಕರೆದುಕೊಂಡು ಹೋದರು. ಬಾಳೆಯ ಸಾಲಿನ ನಡುವೆ ಕೋಲು ನೆಟ್ಟು, ದಾರ ಕಟ್ಟಿ ಡಿಸ್ಕನ್ನು ತೂಗುಬಿಟ್ಟಿದ್ದರು. ಗಾಳಿಗೆ ತಿರುಗುತ್ತ ಬಿಸಿಲಿನಲ್ಲಿ ಝಗಝಗ ಎನ್ನುತ್ತಿತ್ತು.

“ಇದನ್ನು ಕಟ್ಟಿದ ಮೇಲೆ ಒಂದು ಮಂಗ ಬರಲಿಲ್ಲ” ಎಂದರು. “ದಾರ ಕಟ್ಟಲು ನಡುವೆ ತೂತು ಕೂಡ ಮಾಡಿ ಕೊಟ್ಟಿದ್ದಾರೆ. ಒಳ್ಳೆ ಕಂಪನಿ.”

ಒಂದು ಹೆಣ್ಣಿನ ಲಗ್ನ ಇದರ ಮೇಲೆ ನಿಂತಿದೆ ಎಂದು ನಾನು ಕೊಂಚ ಹಿಗ್ಗಿಸಿಯೇ ಹೇಳಿದೆ. ಅವರು ಮರುಗಿದರು, ಬಾಳೆಗೊನೆಗಳನ್ನೂ ನೋಡಿದರು. ಕೊನೆಗೆ ಅದರ ಜಾಗಕ್ಕೆ ಇನ್ನೊಂದು ಡಿಸ್ಕು ಕೊಡಬೇಕೆಂಬ ಕರಾರಾಯಿತು. ಚೀಲದಲ್ಲಿದ್ದ ಬುತ್ತಿಗಂಟಿನ ಡಿಸ್ಕನ್ನು ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದರು.

“ಇದು ಸರಿ ಕೆಲಸ ಮಾಡ್ತದಲ್ಲ?”

“ಮಂಗಗಳು ಬೂಟ್ ಮಾಡಿ ನೋಡದಿದ್ದರೆ ತೊಂದರೆ ಇಲ್ಲ” ಎಂದೆ.

ರಾಹುಕಾಲ

ಶುಕ್ರವಾರ ಬೆಳಿಗ್ಗೆ ಹಳಿಯಾಳ ಮುಟ್ಟಿದೆ. ಬಾಳೆತೋಟದ ಡಿಸ್ಕು ಒಂದೇ ಏಟಿಗೆ ಬೂಟ್ ಆಯಿತು. ಹಳೆಯದನ್ನೆಲ್ಲ ಅಳಿಸಲೇ ಎಂದು ಯಂತ್ರ ಕೇಳಿತು. ನಾನು ಗುಂಡಿ ಒತ್ತಬೇಕೆನ್ನುವಷ್ಟರಲ್ಲಿ ಯಜಮಾನರು ಕೈ ಹಿಡಿದರು.

“ತಡೀರಿ ಸರ್ರ. ರಾಹುಕಾಲ ಹತ್ತೈತಿ. ಹನ್ನೆರಡರ ಮ್ಯಾಲ ಒತ್ತೂಣು.”

“ಅಳಸಾಕ ಎಂಥಾ ರಾಹುಕಾಲ ಅಪ್ಪಾ?” ಎಂದಳು ಮಗಳು. ಅವಳು ಹಿಂದಿನ ದಿನವೇ ಎಲ್ಲ ಪತ್ರಿಕೆಗಳನ್ನೂ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಅಳಿಸದೆ ಉಳಿಸುವ ಇನ್ನೊಂದು ಭಾಗಕ್ಕೆ ದಾಟಿಸಿ ಇಟ್ಟಿದ್ದಳು. “ಬೀಗರು ಊಟದ ಹೊತ್ತಿಗೆ ಬರ್ತಾರ. ಹನ್ನೆರಡರತನ ಕುಂತ್ರ ಅವರಿಗೆ ಏನ್ ತೋರಸ್ತಿ, ಪ್ರಿಂಟರಿನ ಡಬ್ಬಿ?”

“ಹಂಗಂತ ಮಗಳ ಪತ್ರಿಕಿ ರಾಹುಕಾಲದಾಗ ಮಾಡ್ಲಿ?”

ಮಗಳು ಯಂತ್ರವನ್ನು ಒಮ್ಮೆ ಆರಿಸಿ, ಶುರುವಾಗುವಾಗಲೇ ಒಂದು ಗುಂಡಿ ಒತ್ತಿ, ಅದರ ಗಡಿಯಾರವನ್ನು ಮಧ್ಯಾಹ್ನ ಒಂದಕ್ಕೆ ತಿರುಗಿಸಿದಳು. “ನೋಡು, ಯಂತ್ರಕ್ಕ ಈಗ ಒಂದು ಗಂಟಿ. ಅಳಸೂದೂ ಯಂತ್ರನ, ಅಳಸಿಕೊಳ್ಳೂದೂ ಯಂತ್ರನ. ರಾಹುಕಾಲ ಅದರದು ನೋಡಬೇಕೋ ನಮ್ಮದೋ?”

ಯಜಮಾನರು ಪಂಚಾಂಗವನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದರು. ಪಂಚಾಂಗದಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಒತ್ರಿ” ಎಂದರು.

ಹೊಸ ಎಕ್ಸ್‌ಪಿ ಅರ್ಧ ದಾರಿಗೆ ಬಂದು, ಇನ್ನು ಕೆಲವೇ ನಿಮಿಷ ಎಂದು ತೋರಿಸಿ, ಅಲ್ಲೇ ನಿಂತಿತು. ಹೋಗಿ ಚಹಾ ಕುಡಿದು ಬಂದೆವು, ಅದು ಕದಲಿರಲಿಲ್ಲ. ಹೊರಗೆ ಹನ್ನೆರಡು ಹೊಡೆದ ಮೇಲೆ ಮುಂದಕ್ಕೆ ಹೆಜ್ಜೆ ಇಟ್ಟಿತು. ಯಜಮಾನರು ಪಂಚಾಂಗವನ್ನು ಒಯ್ದು ಮಾನಿಟರಿನ ಮೇಲೆ ಇಟ್ಟರು.

ಅಕ್ಷರಗಳು ಎಲ್ಲಿ ಹೋದವು

ಹೊಸ ವಿಂಡೋಸ್ ಗುರುತು ಹಿಡಿದ ಕೂಡಲೇ ಪ್ರಿಂಟರು ಬಾಯಿ ಬಿಟ್ಟಿತು. ಮಗಳು ಬೀಗರಿಗೆ ಚಹಾಕ್ಕಿಡಲು ಒಳಗೆ ಹೋಗಿದ್ದಳು. ನಾನು ಮೇಜಿನ ಕೆಳಗೆ ವೈರು ಸುತ್ತುತ್ತಿದ್ದೆ. ಯಜಮಾನರಿಗೆ ತಡೆಯಲಾಗಲಿಲ್ಲ, ಮಗಳು ಕಲಿಸಿದ ಹಾಗೆ, ಪತ್ರಿಕೆಯನ್ನು ತೆರೆಯದೆಯೇ ನೇರ ಪ್ರಿಂಟಿಗೆ ಒತ್ತಿದರು. ಒಂದೊಂದಾಗಿ ಹಾಳೆ ಬಂದವು. ಮೇಲೆ ಬಣ್ಣಬಣ್ಣದ ನಂದಿ, ಸುತ್ತ ಬಳ್ಳಿ, ನಡುವೆ ಕುಂಕುಮಗೆಂಪಿನ ಅಕ್ಷರ. ಕನ್ನಡಕ ಇಲ್ಲದ ಯಜಮಾನರು ಬಣ್ಣ ನೋಡಿಯೇ ಕೈ ಮುಗಿದರು.

ನಾನು ಎದ್ದು ನೋಡಿದೆ. ನಂದಿ ಸರಿಯಾಗಿತ್ತು. ಅಕ್ಷರದ ಜಾಗದಲ್ಲಿ ಟೋಪಿ ಹಾಕಿದ ಎ, ಬಾಲವಿರುವ ಸಿ, ಡಾಲರಿನ ಗುರುತು, ಅಡ್ಡಗೆರೆ ಎಳೆದ ಸೊನ್ನೆ. ಪತ್ರಿಕೆಗಳನ್ನೆಲ್ಲ ಜೋಪಾನವಾಗಿ ದಾಟಿಸಿದ್ದೆವು. ಅಕ್ಷರಗಳಿಗೆ ಕನ್ನಡದ ರೂಪ ಕೊಡುತ್ತಿದ್ದ ಆಗಿನ ಕಾಲದ ಫಾಂಟು ಮಾತ್ರ ಹಳೆಯ ವಿಂಡೋಸಿನ ಜೊತೆಯಲ್ಲೇ ಅಳಿಸಿ ಹೋಗಿತ್ತು. ಇಡೀ ಪತ್ರಿಕೆಯಲ್ಲಿ ಓದಲು ಬರುತ್ತಿದ್ದದ್ದು ಅಂಕಿಯಲ್ಲಿದ್ದ ತಾರೀಖು ಒಂದೇ.

ನಾನು ಬಾಯಿ ತೆರೆಯುವ ಮೊದಲೇ ಮುಂಡಗೋಡದ ಬಸ್ಸಿಳಿದು ಬೀಗರು ಬಾಗಿಲಲ್ಲಿದ್ದರು.

“ಬರ್ರಿ ಬರ್ರಿ, ಬಿಸಿಬಿಸಿ ಪತ್ರಿಕಿ ನೋಡ್ರಿ” ಎಂದು ಯಜಮಾನರು ಕಟ್ಟನ್ನೇ ಅವರ ಕೈಗಿಟ್ಟರು. ಆಮೇಲೆ ಕನ್ನಡಕ ಏರಿಸಿ ತಾವೂ ಒಂದನ್ನು ನೋಡಿದರು. ಅವರ ಮುಖದ ಬಣ್ಣ ಯಾವ ಪ್ರಿಂಟರಿನಿಂದಲೂ ತೆಗೆಯಲು ಆಗುವಂಥದ್ದಲ್ಲ.

ಬೀಗರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ನಂತರ ಅವರ ಮೀಸೆ ಅರಳಿತು.

“ಭೇಷ್! ಇದು ಟಿಬೆಟಿಯನ್ನರ ಲಿಪಿ ಹೌದಲ್ರಿ? ನಮ್ಮ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಮಂದಿ ಟ್ರ್ಯಾಕ್ಟರ್ ಕೊಡದಿದ್ರ ನಮ್ಮ ಹೊಲದ ಬಿತ್ತಿಗಿನ ಆಗೂದಿಲ್ಲ. ಅವರನ್ನ ಹೆಂಗ ಕರೀಬೇಕು ಅಂತ ನಮ್ಮನ್ಯಾಗ ಮಾತು ನಡದಿತ್ತು. ನೀವು ಅವರಿಗೂ ಬ್ಯಾರೆ ಪತ್ರಿಕಿ ಮಾಡ್ಸೀರಿ ಅಂದ್ರ, ಪ್ರೆಸ್ಸಿನವರ ಮನಿ ಅಂದ್ರ ಇದು ನೋಡ್ರಿ!”

ಯಜಮಾನರು ನನ್ನನ್ನು ನೋಡಿದರು. ನಾನು ನಂದಿಯನ್ನು ನೋಡಿದೆ. ಚಹಾ ತಂದ ಮಗಳು ತಟ್ಟೆ ಇಡುತ್ತಲೇ ಒಂದು ಹಾಳೆಯ ಮೇಲೆ ಕಣ್ಣಾಡಿಸಿದಳು.

“ಹೌದ್ರಿ ಮಾವಾರ. ಮೊದಲ ಅವರದು ಮುಗಿಸಿದ್ವಿ. ಕನ್ನಡದ್ದು ನಾಳೆ ಕಳಸ್ತೀವಿ” ಎಂದಳು.

ಬೀಗರು ಕಟ್ಟನ್ನು ಜೋಪಾನವಾಗಿ ಚೀಲಕ್ಕೆ ಇಳಿಸಿದರು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ನಾನು ಸಂಜೆಯ ಬಸ್ಸಿಗೆ ದಾಂಡೇಲಿಗೆ ಹೋಗಿ ಕನ್ನಡದ ಫಾಂಟನ್ನು ಫ್ಲಾಪಿಯಲ್ಲಿ ತಂದೆ. ಮರುದಿನ ಕನ್ನಡದ ಪತ್ರಿಕೆಗಳು ಚೆಲುವಾಗಿ ಬಂದವು.

ಊಟದ ಪಂಕ್ತಿ

ಲಗ್ನ ಹಳಿಯಾಳದಲ್ಲೇ ಆಯಿತು. ಬೀಗರ ಟೆಂಪೋದಿಂದ ಕ್ಯಾಂಪಿನ ಎಂಟು-ಹತ್ತು ಮಂದಿಯೂ ಇಳಿದರು. ಯಜಮಾನರು ಬಾಗಿಲಲ್ಲೇ ನಿಂತು ಅವರನ್ನು ಎಣಿಸಿದರು. ಅವರಲ್ಲಿ ಒಬ್ಬರು ಅದು ತಮ್ಮ ಲಿಪಿಯೇ ಅಲ್ಲ ಎಂದು ಬೀಗರಿಗೆ ಹೇಳಿಬಿಟ್ಟರೆ, ಆ ‘ಭೇಷ್’ ಅಲ್ಲಿಗೆ ಮುಗಿಯಿತು. ಊಟದ ಹೊತ್ತಿಗೆ ಯಜಮಾನರು ನನ್ನ ಕಿವಿಯಲ್ಲಿ, “ಆ ಹಿರ್ಯಾರ ಬಾಜೂಕ ಕೂಡ್ರಿ ಸರ್ರ. ಏನ್ ತಿಳಕೊಂಡಾರ ನೋಡ್ರಿ” ಎಂದು, ತಾವು ಹೋಳಿಗೆಯ ಬುಟ್ಟಿ ಹಿಡಿದು ಹಿಂದೆಯೇ ಬಂದರು.

ಹಿರಿಯ ಟಿಬೆಟಿಯನ್ನರು ಅಚ್ಚ ಮುಂಡಗೋಡದ ಕನ್ನಡದಲ್ಲಿ ಚಟ್ನಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾನು ಮೆಲ್ಲಗೆ ಮಾತು ತೆಗೆದೆ.

“ಪತ್ರಿಕಿ ಮುಟ್ಟಿತ್ತೇನ್ರಿ?”

“ಮುಟ್ಟಿತ್ರಿ. ಚಂದ ಇತ್ತು.”

“ಓದಾಕ... ಬಂತೇನ್ರಿ?”

“ಇಲ್ರಿ. ನಾವು ಕನ್ನಡ ಮಾತಾಡ್ತೇವಿ, ಓದಾಕ ಬರೂದಿಲ್ಲ.”

“ಮತ್ತ ಇದು ಲಗ್ನದ್ದು ಅಂತ ಹೆಂಗ ಗೊತ್ತಾತು?”

ಅವರು ಕೈಯಲ್ಲಿನ ತುತ್ತನ್ನು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. “ನಾಕೂ ಮೂಲೀಗೆ ಅರಿಷಿಣ ಹಚ್ಚಿತ್ತಲ್ರಿ. ಅರಿಷಿಣ ನೋಡಬೇಕು, ತಾರೀಖು ನೋಡಬೇಕು, ಉಣ್ಣಾಕ ಬರಬೇಕು. ಅದರಾಗಿಂದೆಲ್ಲಾ ಯಾರರ ಓದ್ತಾರೇನ್ರಿ? ನೀವು ಓದೀರೇನು?”

ನಾನು ಯೋಚಿಸಿದೆ. “ಇಲ್ಲ” ಎಂದೆ.

ಹಿಂದೆ ನಿಂತಿದ್ದ ಯಜಮಾನರು ಎಲ್ಲವನ್ನೂ, ನನ್ನ ‘ಇಲ್ಲ’ವನ್ನೂ ಕೇಳಿಸಿಕೊಂಡರು. ಆ ಹಿರಿಯರ ಎಲೆಗೆ ಎರಡು ಹೋಳಿಗೆ ಹಾಕಿ ಮೇಲೆ ಧಾರಾಳವಾಗಿ ತುಪ್ಪ ಸುರಿದರು. ಆಮೇಲೆ ನನ್ನ ಎಲೆ ದಾಟಿ ಮುಂದೆ ಹೋದರು.